ಬುಲೆಟ್ ಹೆಡ್ಡಿಗೆ ಹೊಸ ವಾಲ್ವು, ಹೊಸ ಗೈಡು: ಜೆ.ಸಿ. ರಸ್ತೆ ಬಳಿಯ ಒಂದು ಲೇತ್ ಅಂಗಡಿಯ ಕೆಲಸ

ನನ್ನ ಬಳಿ ಇರುವುದು 1978ರ ರಾಯಲ್ ಎನ್‌ಫೀಲ್ಡ್ ಬುಲೆಟ್ 350. 70 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 90 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಬೀಡುಕಬ್ಬಿಣದ ಸಿಲಿಂಡರು, ಅದರ ಮೇಲೆ ವಾಲ್ವುಗಳನ್ನು ಹೊತ್ತ ಅಲ್ಯೂಮಿನಿಯಂ ಹೆಡ್ಡು. ಕಳೆದ ಮಳೆಗಾಲದಿಂದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ತಿರುಗಿಸಿದಾಗಲೆಲ್ಲ ಅದು ಸೈಲೆನ್ಸರಿನಿಂದ ನೀಲಿ ಹೊಗೆ ಉಗುಳುತ್ತಿತ್ತು. ಏರಿನಲ್ಲಿ ಎಳೆಯುವಾಗ ಹೊಗೆ ಬಂದರೆ ಪಿಸ್ಟನ್ ರಿಂಗು, ಬಿಟ್ಟು ಹಿಡಿದಾಗ ಬಂದರೆ ವಾಲ್ವ್ ಗೈಡು (ವಾಲ್ವಿನ ಕಾಂಡ ಓಡಾಡುವ ಕೊಳವೆ) ಎಂಬುದು ಹಳೆಯ ಮೆಕ್ಯಾನಿಕ್‌ಗಳ ಲೆಕ್ಕ. ಕಾರ್ಬುರೇಟರ್ ಮುಚ್ಚಿದಾಗ ಇನ್‌ಲೆಟ್ ಕಡೆ ಹುಟ್ಟುವ ಸೆಳೆತವು ಸವೆದ ಗೈಡಿನ ಸಂದಿಯಿಂದ ಆಯಿಲನ್ನು ಒಳಗೆ ಎಳೆದುಕೊಳ್ಳುತ್ತದೆ. ಮೈಸೂರಿನಲ್ಲಿ ಟೂ-ಸ್ಟ್ರೋಕ್ ಜಾವಾ ಇಟ್ಟುಕೊಂಡಿರುವ ನನ್ನ ಭಾವನವರು "ನಮ್ಮದರಲ್ಲಿ ವಾಲ್ವೇ ಇಲ್ಲ, ತೊಂದರೆಯೂ ಇಲ್ಲ" ಎಂದು ನಕ್ಕರು. ಅವರ ಗಾಡಿಯ ಹೊಗೆಯ ಬಗ್ಗೆ ನಾನು ಏನೂ ಹೇಳಲಿಲ್ಲ.

ಮೊದಲು ಈ ಕೆಲಸವನ್ನು ಮನೆಯ ಹತ್ತಿರದ ಒಬ್ಬ ಮೆಕ್ಯಾನಿಕ್‌ಗೆ ಕೊಟ್ಟದ್ದು ನನ್ನ ತಪ್ಪು. ಅವರು ಹೆಡ್ಡನ್ನು ಬಿಸಿಯೇ ಮಾಡದೆ ಗೈಡುಗಳನ್ನು ಸುತ್ತಿಗೆಯಿಂದ ಹೊಡೆದು ಹೊರಗೆ ತೆಗೆದರು. ತಣ್ಣಗಿರುವ ಅಲ್ಯೂಮಿನಿಯಂ ಕಬ್ಬಿಣದ ಗೈಡನ್ನು ಬಿಗಿಯಾಗಿ ಹಿಡಿದಿರುವುದರಿಂದ, ಹೊರಬರುವ ಗೈಡು ತನ್ನ ಜೊತೆ ರಂಧ್ರದ ಗೋಡೆಯನ್ನೂ ಕೆರೆದುಕೊಂಡೇ ಬರುತ್ತದೆ. ಹೊಸ ಗೈಡನ್ನು ಇಟ್ಟು ನೋಡಿದಾಗ ಅದು ಕೈಯಿಂದ ಒತ್ತಿದರೆ ಒಳಗೆ ಇಳಿಯುತ್ತಿತ್ತು. ಆ ಹೆಡ್ಡನ್ನು ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂಬದಿಯ ಗಲ್ಲಿಯಲ್ಲಿರುವ ಈ ಲೇತ್ ಅಂಗಡಿಗೆ ಹೋದೆ. ಮುಂದೆ ಒಂದೆರಡು ದೂರುಗಳೂ ಇರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ.

ಅಲ್ಲಿನ ಹಿರಿಯ ಮೇಸ್ತ್ರಿಗಳು ಬೆಲೆಯ ಮಾತಿಗಿಂತ ಮೊದಲು ಮೈಕ್ರೋಮೀಟರ್ ಕೈಗೆತ್ತಿಕೊಂಡರು. ಹಳೆಯ ವಾಲ್ವಿನ ಕಾಂಡವನ್ನು ಮೂರು ಕಡೆ ಅಳೆದು, ಗೈಡಿನೊಳಗೆ ಓಡಾಡುವ ಭಾಗ ಸುಮಾರು ಮೂರು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಸವೆದಿದೆ ಎಂದು ತೋರಿಸಿದರು. ಹಳೆಯ ಗೈಡು ನಡುವಿನಲ್ಲಿ ಇನ್ನೂ ಸರಿಯಾಗಿದ್ದು, ಎರಡು ತುದಿಗಳಲ್ಲಿ ಬಾಯಿ ಅಗಲಿಸಿಕೊಂಡಿತ್ತು. ವಾಲ್ವನ್ನು ಒತ್ತಿ ತೆರೆಯುವ ಸನ್ನೆಯಾದ ರಾಕರ್ ಪ್ರತಿ ಸಲವೂ ವಾಲ್ವನ್ನು ಸ್ವಲ್ಪ ಪಕ್ಕಕ್ಕೆ ತಳ್ಳುವುದರಿಂದ ಹೀಗಾಗುತ್ತದೆ. ಕೆಟ್ಟ ರಂಧ್ರವನ್ನು ನೇರಗೊಳಿಸಿ, ಅದಕ್ಕಿಂತ ಒಂದೂವರೆ ಥೌ ದಪ್ಪವಿರುವ ಬೀಡುಕಬ್ಬಿಣದ ಗೈಡುಗಳನ್ನು ಅಲ್ಲಿಯೇ ಲೇತಿನಲ್ಲಿ ತಿರುಗಿಸಿದರು. ಕಂಚಿನದು ಬೇಕೇ ಎಂದು ಕೇಳಿದ್ದರು. ಅದು ಶಾಖವನ್ನು ಬೇಗ ಸಾಗಿಸುತ್ತದೆ ಎಂಬುದು ನಿಜವಾದರೂ ಮೂಲದಲ್ಲಿದ್ದ ಬಗೆಯನ್ನೇ ಉಳಿಸಿಕೊಂಡೆ.

ಗೈಡು ಕೂರಿಸಿದ ಬಗೆಯನ್ನು ನೋಡುವುದಕ್ಕಾಗಿಯೇ ಮರುದಿನ ಮತ್ತೆ ಹೋದೆ. ಗೈಡುಗಳು ತಣ್ಣಗಾಗಿ ಕುಗ್ಗಲೆಂದು ರಾತ್ರಿಯಿಡೀ ಅಂಗಡಿಯ ಫ್ರಿಜ್ಜಿನಲ್ಲಿ, ಚಹಾದ ಹಾಲಿನ ಪ್ಯಾಕೆಟ್ಟಿನ ಪಕ್ಕದಲ್ಲಿ ಮಲಗಿದ್ದವು. ಹೆಡ್ಡನ್ನು ಓವನ್‌ನಿಂದ ತೆಗೆದು ಒಂದು ಹನಿ ನೀರು ಚಿಮುಕಿಸಿ, ಅದು ಚುಂಯ್ ಎಂದು ಹಾರಿಹೋದದ್ದನ್ನು ನೋಡಿದ ಮೇಲೆ ಎರಡೇ ಏಟಿನಲ್ಲಿ ಗೈಡನ್ನು ಇಳಿಸಿದರು. ಆರಿದ ಮೇಲೆ ರೀಮರ್ ಹಾಕಿ ಒಳ ಅಳತೆಯನ್ನು ಸರಿಪಡಿಸಿ, ಎಗ್ಜಾಸ್ಟ್ ಕಡೆ ಇನ್‌ಲೆಟ್ಟಿಗಿಂತ ತುಸು ಹೆಚ್ಚು ಸಡಿಲ ಬಿಟ್ಟರು, ಏಕೆಂದರೆ ಆ ವಾಲ್ವು ಹೆಚ್ಚು ಕಾದು ಹೆಚ್ಚು ಹಿಗ್ಗುತ್ತದೆ.

ಹೊಸ ಗೈಡಿನ ಕೇಂದ್ರ ಹಳೆಯ ಸೀಟಿನ (ಮುಚ್ಚಿದ ವಾಲ್ವು ಕೂರುವ ಅಂಚಿನ) ಕೇಂದ್ರಕ್ಕೆ ಕೂದಲೆಳೆಯಷ್ಟಾದರೂ ತಪ್ಪಿಯೇ ಇರುತ್ತದೆ. ಆದ್ದರಿಂದ ಗೈಡು ಬದಲಿಸಿದ ಮೇಲೆ ಸೀಟನ್ನು ಮತ್ತೆ ಕತ್ತರಿಸದಿದ್ದರೆ ಹೊಸ ವಾಲ್ವು ಒಂದು ಪಕ್ಕದಲ್ಲಿ ಮಾತ್ರ ಕೂರುತ್ತದೆ. ಅನೇಕ ಕಡೆ ಈ ಕೆಲಸವನ್ನು ಬಿಟ್ಟು, ಗ್ರೈಂಡಿಂಗ್ ಪೇಸ್ಟಿನಿಂದ ಉಜ್ಜಿಯೇ ಮುಗಿಸುತ್ತಾರೆ. ಇಲ್ಲಿ 45 ಡಿಗ್ರಿಯ ಕಟ್ಟರ್ ಅನ್ನು ಗೈಡಿನೊಳಗೇ ನಿಲ್ಲಿಸಿ ಸೀಟು ತೆಗೆದರು. ಅನಂತರವೇ ವಾಲ್ವಿಗೆ ಕೋಲು ಅಂಟಿಸಿ, ಎರಡು ಅಂಗೈಗಳ ನಡುವೆ ಕಡಗೋಲಿನಂತೆ ಆಡಿಸಿ ನಯವಾದ ಪೇಸ್ಟಿನಲ್ಲಿ ಉಜ್ಜಿದರು. ಸುತ್ತಲೂ ಒಂದೇ ಅಗಲದ, ಮಂಕಾದ ಬೂದು ಉಂಗುರ ಮೂಡಿತು. ಪೋರ್ಟಿನಲ್ಲಿ ಸೀಮೆಎಣ್ಣೆ ತುಂಬಿಸಿ ಹತ್ತು ನಿಮಿಷ ಇಟ್ಟರೂ ಒಂದು ಹನಿಯೂ ಜಿನುಗಲಿಲ್ಲ.

ಇನ್ನು ದೂರುಗಳು. ಸೀಟು ಆಳವಾದಷ್ಟೂ ವಾಲ್ವಿನ ಕಾಂಡ ಮೇಲೆ ಏರಿ ಸ್ಪ್ರಿಂಗು ಸಡಿಲವಾಗುತ್ತದೆ. ಅದರ ಎತ್ತರವನ್ನು ನಾನು ಕೇಳುವ ತನಕ ಯಾರೂ ಅಳೆಯಲಿಲ್ಲ, ಕೇಳಿದ ಮೇಲೆ ಸ್ಪ್ರಿಂಗಿನ ಕೆಳಗೆ ವಾಷರ್ ಹಾಕಿಕೊಟ್ಟರು. ಮೂರು ದಿನ ಎಂದದ್ದು ಒಂಬತ್ತು ದಿನವಾಯಿತು. ಒಟ್ಟು 4,600 ರೂಪಾಯಿಯ ಲೆಕ್ಕವನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಟ್ಟರು. ಹಳೆಯ ವಾಲ್ವುಗಳನ್ನು ಕೇಳಿ ಪಡೆಯಬೇಕಾಯಿತು.

ಜೋಡಣೆಯನ್ನು ನಾನೇ ಮಾಡಿಕೊಂಡೆ. ಎಂಜಿನ್ ತಣ್ಣಗಿರುವಾಗ, ರಾಕರನ್ನು ಎತ್ತುವ ಪುಶ್‌ರಾಡುಗಳು ಬೆರಳಿನಿಂದ ಸಲೀಸಾಗಿ ತಿರುಗುವಂತೆ, ಆದರೆ ಮೇಲೆ ಕೆಳಗೆ ಅಲ್ಲಾಡದಂತೆ ಟ್ಯಾಪೆಟ್ (ಅವುಗಳ ಬಿಗಿ-ಸಡಿಲ) ಹೊಂದಿಸಿದೆ. 500 ಕಿ.ಮೀ. ಓಡಿಸಿದ ಮೇಲೆ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ಟ್ಯಾಪೆಟ್ ನೋಡಿದಾಗ ಇನ್‌ಲೆಟ್ ತುಸು ಬಿಗಿಯಾಗಿತ್ತು. ಕಳೆದ ವಾರ ನಂದಿ ಬೆಟ್ಟದಿಂದ ಇಳಿಯುವಾಗ ಹಿಂದೆ ಬರುತ್ತಿದ್ದ ಗೆಳೆಯನಿಗೆ ಹೊಗೆಯ ಮೇಲೆ ಕಣ್ಣಿಡಲು ಹೇಳಿದ್ದೆ. ಕೆಳಗೆ ಬಂದ ಮೇಲೆ ಅವನು ಹೇಳಿದ್ದು ಹಿಂಬದಿಯ ದೀಪ ಉರಿಯುತ್ತಿಲ್ಲ ಎಂದು ಮಾತ್ರ.