ಆನೆಗೊಂದಿ ಹೋಂಸ್ಟೇ: ಫಾರಿನ್ ಗೆಸ್ಟ್ ಕರ್ಕೊಂಡು ಬರೋರು ಇದನ್ನ ಓದ್ರಿ

ಮೊದ್ಲ ಹೇಳಿಬಿಡ್ತೀನಿ, ಐದಕ್ಕ ನಾಲ್ಕೂವರೆ ಸ್ಟಾರ್, ಅರ್ಧ ಯಾಕ ಕಡಿಮಿ ಅನ್ನೋದು ಕೆಳಗ ಐತಿ. ಇದು ರಿಸಾರ್ಟ್ ಅಲ್ಲ, ಪೂಲ್ ಇಲ್ಲ, ಟಿವಿ ಇಲ್ಲ, ಕ್ಯಾಂಪ್‌ಫೈರ್ ಡಿಜೆ ಯಾವ್ದೂ ಇಲ್ಲ. ಕೊಪ್ಪಳ ಜಿಲ್ಲೆದಾಗ, ಹಂಪಿಯಿಂದ ತುಂಗಭದ್ರಾ ಹೊಳಿ ದಾಟಿದ್ರ ಸಿಗೋ ಆನೆಗೊಂದಿ ಊರೊಳಗ, ರಂಗನಾಥ ಗುಡಿಯಿಂದ ನಡಕೊಂಡು ಹೋಗೋವಷ್ಟು ಹತ್ರ, ಒಂದು ಕುಟುಂಬ ವಾಸ ಇರೋ ಮನಿ, ಅದಕ್ಕ ಹೊಂದಿಕೊಂಡು ಗೆಸ್ಟ್‌ಗೆ ಅಂತ ಎರಡು ರೂಮು, ಮುಂದ ದೊಡ್ಡ ಕಟ್ಟಿ, ಹಿತ್ತಲದಾಗ ಬಾಳಿ ಗಿಡ. ಹೊರದೇಶದಿಂದ ಬಂದ ಆಫೀಸಿನವ್ರು, ಫ್ರೆಂಡ್ಸು, ಸಂಬಂಧಿಕ್ರು ಯಾರನ್ನರ ನಮ್ಮ ಕಡೆ ಕರ್ಕೊಂಡು ಬಂದು ಎಲ್ಲಿ ಉಳಿಸ್ಬೇಕು ಅಂತ ಯೋಚ್ನಿ ಮಾಡೋರಿಗೆ ಬರೀತಿದೀನಿ, ಹಂಗಾಗಿ ಸ್ವಲ್ಪ ಉದ್ದ ಆಗೈತಿ.

ನನ್ನ ಜೋಡಿ ಬಂದವ್ರು ನೆದರ್‌ಲ್ಯಾಂಡ್ಸ್‌ನ ಗಂಡ ಹೆಂಡ್ತಿ, ಬೆಂಗ್ಳೂರಾಗಿರೋ ನಮ್ಮಕ್ಕನ ಕಂಪ್ನಿ ಕಡೆಯವ್ರು, ಐವತ್ತು ದಾಟೇತಿ, ಇಂಡಿಯಾಕ್ಕ ಮೊದಲ್ನೇ ಸಲ. ಬೆಂಗ್ಳೂರಾಗ ಅಕ್ಕ ಕೈಲಾದಷ್ಟು ತೋರಿಸ್ಯಾಳ, ಅದ್ರಾಗ ಎರಡು ಮಾತಿಲ್ಲ. ಮಾಲ್, ಎಂಜಿ ರೋಡು, ಇಂದಿರಾನಗರದಾಗ ಊಟ, ವಿಧಾನಸೌಧದ ಮುಂದ ಫೋಟೋ, ನಂದಿ ಬೆಟ್ಟ. ಆದ್ರ ಏನು ಇಷ್ಟ ಆತು ಅಂತ ಕೇಳಿದ್ರ ಮಾಲಿನ ಹೆಸ್ರು ಬರ್ಲೇ ಇಲ್ಲ, ಅಂಥಾವು ಅವ್ರ ಊರಾಗೂ ಅದಾವ. ನೆನಪಿಟ್ಟು ಹೇಳಿದ್ದು ಏನಂದ್ರ ಬೆಳಗಿನ್ಜಾವ ಕೆಆರ್ ಮಾರ್ಕೆಟ್ಟಿನ ಹೂವಿನ ರಾಶಿ, ಮೆಟ್ರೋದಾಗ ಸೀಟು ಬಿಟ್ಟುಕೊಟ್ಟ ಹುಡ್ಗಿ, ಆಮ್ಯಾಲ ಲಾಲ್‌ಬಾಗಿನ ಬಂಡೆ. ಸುಮಾರು 300 ಕೋಟಿ ವರ್ಷದ ಬಂಡೆ ಅದು, ಅದ್ರ ಮ್ಯಾಲ ಮಂದಿ ದಿನಾ ವಾಕಿಂಗ್ ಮಾಡ್ತಾರ ಅನ್ನೋದು ಅವ್ರಿಗೆ ನಂಬಾಕ ಆಗಿಲ್ಲ. ಅವ್ರ ದೇಶದಾಗ ನೆಲ ಅಂದ್ರ ಬಾಳ ಮಟ್ಟಿಗೆ ಮರಳು ಇಲ್ಲಾ ಜೇಡಿಮಣ್ಣು, ಸುಮಾರು ಕಾಲುಭಾಗ ಸಮುದ್ರದ ಮಟ್ಟಕ್ಕಿಂತ ಕೆಳಗ ಐತಿ, ಬಂಡೆ ಕಾಣೋದ ಅಪರೂಪ. ಇದನ್ನ ಕೇಳಿದ ಕೂಡ್ಲೇ ನನಗ ಅನಿಸ್ತು, ಇವ್ರು ನಮ್ಮ ಆನೆಗೊಂದಿ ನೋಡ್ಬೇಕು, ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಬಂಡೆನಾ.

ಹಂಪಿ ಎಕ್ಸ್‌ಪ್ರೆಸ್‌ನಾಗ ರಾತ್ರಿ ಹತ್ತಿ ಬೆಳಿಗ್ಗೆ ಹೊಸಪೇಟೆಗೆ ಇಳಿದ್ರು. ಮೊದ್ಲ ಹಂಪಿ, ಅದಕ್ಕೊಂದು ಟ್ರಾವೆಲ್ಸ್ ಕಾರು ಬುಕ್ ಮಾಡಿದ್ವಿ, ಅವ್ರು ಮಾಡಿದ್ದು ನನಗ ಸರಿ ಬರ್ಲಿಲ್ಲ. ಒಂದ ದಿನದಾಗ ಎಲ್ಲಾ ಮುಗಿಸ್ಬೇಕು ಅಂತ ವಿಠ್ಠಲ ಗುಡಿಯಾಗ ಕಲ್ಲಿನ ರಥದ ಮುಂದ ಹತ್ತು ನಿಮಿಷ, ಕಮಲ ಮಹಲಿನಾಗ ಹತ್ತು ನಿಮಿಷ, ನಡುವ ಅಂಗಡಿಗೆ ಮಾತ್ರ ಅರ್ಧ ತಾಸು. ಟಿಕೆಟ್ ನಮಗ 40 ರೂಪಾಯಿ, ಅವ್ರಿಗೆ 600, ಅಷ್ಟು ರೊಕ್ಕ ಕೊಟ್ಟವ್ರಿಗೆ ಒಂದು ಕಂಬ ಸಮಾಧಾನದಿಂದ ನೋಡಾಕ ಬಿಡ್ಬೇಕಲ್ರಿ. ಬೆಂಗ್ಳೂರಿನ ಓಟಾನ ಇಲ್ಲಿಗೂ ತಂದು ಹಚ್ಚಿದಂಗಾತು. ಸಂಜಿಗೆ ಬುಕ್ಕಸಾಗರ ಸೇತುವೆ ದಾಟಿ ಈ ಕಡೆ ಬಂದಾಗ ಇಬ್ರೂ ಸುಸ್ತಾಗಿ ಮಾತೇ ಆಡ್ತಿರ್ಲಿಲ್ಲ.

ಈ ಮನಿಯವ್ರ ದೊಡ್ಡ ಗುಣ ಅಲ್ಲೇ ಕಾಣಿಸ್ತು. ಬಂದ ಕೂಡ್ಲೇ ಹಾರ ಹಾಕೋದು, ಪೇಟಾ ಸುತ್ತೋದು, ಎತ್ತಿನ ಗಾಡಿ ಸಿಂಗಾರ ಮಾಡಿ ಸವಾರಿ ಮಾಡ್ಸೋದು, ಅಂಥಾ ಯಾವ ನಾಟಕಾನೂ ಇಲ್ಲ. ನೀರು ಕೊಟ್ರು, ಮಜ್ಜಿಗಿ ಕೊಟ್ರು, ಕಟ್ಟಿ ಮ್ಯಾಲ ಕೂಡಾಕ ಹೇಳಿ ತಮ್ಮ ಕೆಲಸಕ್ಕ ಹೋದ್ರು. ನಾಳೆ ಏನ್ ನೋಡ್ತೀರಿ ಅಂತ ಲಿಸ್ಟ್ ಹಿಡ್ಕೊಂಡು ಬರ್ಲಿಲ್ಲ. ಮನಿ ಯಜಮಾನ್ರು, ಅರವತ್ತರ ಆಸುಪಾಸು ಇರ್ಬೇಕು, ಸುಮ್ಮನ ಗಮನಿಸ್ತಿದ್ರು, ಈ ಮನುಷ್ಯಾ ಗುಡಿ ಕಡೆ ಒಂದು ಸಲ ನೋಡಿದ್ರ ಮನಿ ಹಿಂದಿನ ಕಾಲುವಿ ಕಡೆ ಹತ್ತು ಸಲ ನೋಡ್ತಾನ ಅಂತ. ಮರುದಿನ ಬೆಳಿಗ್ಗೆ ಅವ್ರ ತಾವಾ ಹೇಳಿದ್ರು, ಬೆಟ್ಟ ಆಮ್ಯಾಲ ನೋಡ್ಕೋಬಹುದು, ಮೊದ್ಲ ನೀರು ತೋರಿಸ್ತೀನಿ ಬರ್ರಿ ಅಂತ.

ನೀರಿನ ಜೋಡಿ ಹೋರಾಡಿ ಬದುಕಿದ ದೇಶದವ್ರಿಗೆ ನೀರು ತೋರಿಸಿದ್ರ ಹೆಂಗಿರತೈತಿ ಅಂತ ನಾನು ಅವತ್ತು ನೋಡಿದೆ. ವಿಜಯನಗರದ ಅರಸರ ಕಾಲದಾಗ ಹೊಳಿಗೆ ಅಣೆಕಟ್ಟು ಹಾಕಿ ತಿರುಗಿಸಿದ ಕಾಲುವಿ ನಮ್ಮ ಕಡೆ ಇವತ್ತಿಗೂ ಹರೀತಾವ, ಆನೆಗೊಂದಿ ಕಾಲುವಿನೂ ಅದ್ರಾಗ ಒಂದು, ಅದ್ರ ನೀರಾಗ ಇವತ್ತಿಗೂ ಭತ್ತ ಬಾಳಿ ಬೆಳೀತಾರ. ಹಂಪಿಯಾಗ ಮುರಿದ ಗುಡಿ ನೋಡಿ ಅಯ್ಯೋ ಅಂದವ್ರು ಇಲ್ಲಿ ಅದೇ ಕಾಲದ ಕೆಲಸ ಇನ್ನೂ ಜೀವಂತ ಇರೋದನ್ನ ನೋಡಿ ಕಾಲುವಿ ದಂಡಿ ಮ್ಯಾಲ ಕುಂತೇಬಿಟ್ರು. ನೀರು ಯಾರು ಬಿಡ್ತಾರ, ಮೇಲಿನ ಹೊಲದವ ಜಾಸ್ತಿ ತಗೊಂಡ್ರ ಕೆಳಗಿನವ ಏನ್ ಮಾಡ್ತಾನ, ಟೇಲೆಂಡ್ (ಕಾಲುವಿ ಕೊನಿ) ರೈತ್ರು ಯಾಕ ಯಾವಾಗ್ಲೂ ಧರಣಿ ಕೂಡ್ತಾರ, ಒಂದಾದ ಮ್ಯಾಲ ಒಂದು ಪ್ರಶ್ನೆ. ಯಜಮಾನ್ರು ಕನ್ನಡದಾಗ ಹೇಳೋರು, ನಾನು ಇಂಗ್ಲಿಷ್‌ನಾಗ ಹೇಳ್ತಿದ್ದೆ, ಬಾಳ ಕಡೆ ನನ್ನ ಅವಶ್ಯಕತಿನೂ ಬೀಳ್ಲಿಲ್ಲ, ಸಲಿಕಿಯಿಂದ ಮಣ್ಣು ಸರಿಸಿ ಮಡಿಗೆ ನೀರು ತಿರುವಿ ತೋರಿಸಿದ್ರ ಅದಕ್ಕ ಏನ್ ಭಾಷೆ ಬೇಕು.

ಮಧ್ಯಾಹ್ನ ಮುನಿರಾಬಾದಿಗೆ ಹೋಗಿ ಟಿಬಿ (ತುಂಗಭದ್ರಾ) ಡ್ಯಾಮ್ ನೋಡಿ ಬಂದ್ವಿ, ಇದೂ ಪ್ಲಾನಿನಾಗ ಇರ್ಲಿಲ್ಲ. ಡ್ಯಾಮ್ 1953ರಾಗ ಮುಗೀತು ಅಂದೆ. ಅದನ್ನ ಕೇಳಿ ಆ ಹೆಣ್ಮಗಳು ಹೇಳಿದ್ಲು, ಅವ್ರ ದೇಶದಾಗ 1953 ಅಂದ್ರ ಪ್ರವಾಹದ ವರ್ಷ, ಫೆಬ್ರವರಿ ಶುರುವಿನಾಗ ಒಂದ ರಾತ್ರಿಗೆ ಸಮುದ್ರ ಒಡ್ಡು ಒಡ್ಕೊಂಡು ಒಳಗ ಬಂದು 1,800ಕ್ಕೂ ಹೆಚ್ಚು ಮಂದಿ ಸತ್ರು, ಆಕಿ ಅಜ್ಜಿ ಮನಿ ಚಾವಣಿ ಮ್ಯಾಲ ರಾತ್ರಿ ಕಳದಿದ್ರಂತ. ನಮ್ಮ ಯಜಮಾನ್ರು ಅದಕ್ಕ 2024ರ ಆಗಸ್ಟ್‌ನಾಗ 19ನೇ ಗೇಟು ಚೈನ್ ಕಟ್ಟಾಗಿ ಕೊಚ್ಚಿ ಹೋದ ಸುದ್ದಿ ಹೇಳಿದ್ರು. 33 ಗೇಟಿನ್ಯಾಗ ಒಂದು ಹೋದದ್ದಕ್ಕ ಕೊಪ್ಪಳ ಬಳ್ಳಾರಿ ರಾಯಚೂರು ಮೂರೂ ಕಡೆ ರೈತ್ರಿಗೆ ನಿದ್ದಿ ಹತ್ತಿರ್ಲಿಲ್ಲ, ತುಂಬಿದ ಡ್ಯಾಮಿನ ನೀರು ಕಣ್ಣ ಮುಂದ ಹೊಳಿಗೆ ಹರದು ಹೋಗಾಕ ಹತ್ತಿತ್ತು. ಆ ಇಬ್ರೂ ಇದನ್ನ ತಮ್ಮ ಮನಿ ಸುದ್ದಿ ಕೇಳಿದಂಗ ಕೇಳಿದ್ರು. ಯಾವ ಗೈಡೂ, ಯಾವ ಪ್ಯಾಕೇಜೂ ಇಂಥಾ ಮಾತು ಹುಟ್ಟಿಸಾಕ ಆಗಲ್ರಿ.

ರಾತ್ರಿ ಊಟ ಆದ ಮ್ಯಾಲ ಕಟ್ಟಿ ಮ್ಯಾಲ ಕುಂತಾಗ ಅವ್ರು ಇನ್ನೊಂದು ಕೇಳಿದ್ರು, ಇಷ್ಟು ಚಂದ ಊರು, ಮತ್ತ ಬೆಂಗ್ಳೂರಾಗ ಯಾಕ ಅಷ್ಟು ಮಂದಿ ತುಂಬ್ಯಾರ ಅಂತ. ಯಜಮಾನ್ರು ಮುಚ್ಚುಮರಿ ಮಾಡ್ಲಿಲ್ಲ. ಕಾಲುವಿ ಮುಟ್ಟಿದ ಊರಾಗ ಹುಡುಗ್ರು ಒಂದಿಷ್ಟು ನಿಂತಾರ, ಕುಷ್ಟಗಿ, ಯಲಬುರ್ಗಾ, ಆ ಕಡೆ ಲಿಂಗಸುಗೂರು, ದೇವದುರ್ಗದಾಗ ಕಾಲುವಿ ಮುಟ್ಟದ ಊರಿನ ಮಂದಿ ಮಳಿ ಕೈ ಕೊಟ್ರ ಗುಳೆ ಹೋಗ್ತಾರ, ನೀವು ಬೆಂಗ್ಳೂರಾಗ ನೋಡಿದ ದೊಡ್ಡ ದೊಡ್ಡ ಬಿಲ್ಡಿಂಗಿನ್ಯಾಗ ಕಬ್ಬಿಣ ಕಟ್ಟಿದವ್ರು, ಸಿಮೆಂಟ್ ಹೊತ್ತವ್ರು ಅವ್ರ ಅದಾರ ಅಂದ್ರು. ತಮ್ಮ ಹಿರಿ ಮಗನೂ ಬೆಂಗ್ಳೂರಾಗ ನೌಕರಿ ಮಾಡ್ತಾನ, ಹಬ್ಬಕ್ಕ ಬರ್ತಾನ ಅಂದ್ರು. ಹಳ್ಳಿ ಅಂದ್ರ ಶಾಂತಿ, ಸಿಟಿ ಅಂದ್ರ ಗದ್ದಲ ಅಂತ ಗೆಸ್ಟ್‌ಗಳಿಗೆ ಸಿಹಿ ಮಾತು ಹೇಳಿ ಕಳಿಸೋ ಮನಿ ಬಾಳ ಅದಾವ, ಇವ್ರು ಇದ್ದದ್ದನ್ನ ಇದ್ದಂಗ ಹೇಳಿದ್ರು, ಅದಕ್ಕ ನನಗ ಇವ್ರ ಮ್ಯಾಲ ಗೌರವ.

ಊಟದ ಬಗ್ಗೆ. ಮನಿಯವ್ರು ಏನ್ ಉಣ್ತಾರೋ ಅದನ್ನ ಕೊಡ್ತಾರ, ಬ್ರೆಡ್ ಆಮ್ಲೆಟ್ ಪ್ಯಾನ್‌ಕೇಕ್ ಕೇಳಬ್ಯಾಡ್ರಿ. ಬೆಳಿಗ್ಗೆ ಒಗ್ಗಾಣಿ ಮಿರ್ಚಿ, ಮಿರ್ಚಿ ಮಾತ್ರ ಗೆಸ್ಟ್‌ಗೆ ಕಡಿಮಿ ಖಾರದ ಮೆಣಸಿನಕಾಯಿ ಆರಿಸಿ ಬ್ಯಾರೆ ಮಾಡಿದ್ರು. ಮಧ್ಯಾಹ್ನಕ್ಕ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣಿಗಾಯಿ ಬದ್ನಿಕಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಆಮ್ಯಾಲ ಸೋನಾಮಸೂರಿ ಅನ್ನ ಸಾರು. ಆ ಹೆಣ್ಮಗಳು ಸುತ್ತ ಬರೇ ಭತ್ತ ಐತಿ, ಜೋಳ ಎಲ್ಲಿಂದ ಬಂತು ಅಂತ ಕೇಳಿದ್ಲು, ಎಷ್ಟು ಚಂದ ಗಮನಿಸ್ಯಾಳ ನೋಡ್ರಿ. ಜೋಳ ಒಣಬೇಸಾಯದ ಕಡೆಯಿಂದ ಬರತೈತಿ, ನೀರಾವರಿ ಆದ ಮ್ಯಾಲ ಇಲ್ಲಿ ಜೋಳ ಬಿತ್ತೋರು ಕಡಿಮಿ ಆದ್ರು, ಬಾಯಿಗೆ ಮಾತ್ರ ರೊಟ್ಟಿನ ಬೇಕು ಅಂತ ಮನಿ ಅಮ್ಮ ಹೇಳಿದ್ರು. ಖಾರ ಹೆಚ್ಚಾದ್ರ ಬಾಳಿಹಣ್ಣು, ಅದು ಹಿತ್ತಲದಾಗ ಗೊನಿ ಗೊನಿ.

ಸುತ್ತಮುತ್ತ ಏನ್ ನೋಡಬೇಕು ಅನ್ನೋದು ಎಲ್ರಿಗೂ ಗೊತ್ತಿರೋದ. ಅಂಜನಾದ್ರಿ ಮೆಟ್ಲು 575, ಬಿಸ್ಲು ಏರೋದ್ರಾಗ ಹತ್ತಿ ಇಳೀರಿ, ಶನಿವಾರ ಬ್ಯಾಡ, ಗರ್ದಿ ಬಾಳ. ಪಂಪಾಸರೋವರ ಸಮೀಪಾನ ಐತಿ. ಊರಾಗ ಬಾಳಿ ನಾರಿನಿಂದ ಬ್ಯಾಗು ಬುಟ್ಟಿ ಹೆಣೆಯೋ ಹೆಣ್ಮಕ್ಕಳು ಅದಾರ, 1997ರಾಗ ಶುರುವಾದ ಕಿಷ್ಕಿಂಧಾ ಟ್ರಸ್ಟ್ ಆ ಕೆಲಸಕ್ಕ ದಾರಿ ಮಾಡೇತಿ, ಅಲ್ಲಿ ತಗೊಂಡ ವಸ್ತು ಊರಿನವ್ರ ಕೈಗೆ ಕೂಲಿ ಆಗತೈತಿ. ಆದ್ರ ನೀವು ಒಂದ ಜಾಗ ಹೆಚ್ಚಿಗೆ ನೋಡ್ತೀವಿ ಅಂದ್ರ ಹಿರೇಬೆಣಕಲ್ ಗುಡ್ಡಕ್ಕ ಹೋಗ್ರಿ, ಗಂಗಾವತಿಗೆ ಹತ್ರ. ಎರಡು ಸಾವಿರ ವರ್ಷಕ್ಕೂ ಹಿಂದಿನ ಶಿಲಾ ಸಮಾಧಿಗಳು, ಬಂಡೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಸಣ್ಣ ಮನಿಯಂಥಾವು, ನೂರಾರು. ಊರಿನವ್ರು ಮೋರೇರ ಗುಡ್ಡ ಅಂತಾರ. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2021ರಾಗ ಸೇರೇತಿ, ಆದ್ರೂ ಹಂಪಿಗೆ ಬಂದವ್ರಾಗ ಅಲ್ಲಿಗೆ ಹೋಗೋರು ಬಾಳ ಕಡಿಮಿ. ಮ್ಯಾಲ ಒಂದು ನಗಾರಿ ಬಂಡೆ ಐತಿ, ಕಲ್ಲಿಂದ ಬಡದ್ರ ಗುಡ್ಡ ತುಂಬ ಸಪ್ಪಳ ಆಗತೈತಿ. ದಾರಿ ಗೊತ್ತಿದ್ದವ್ರು ಜೋಡಿ ಇರಲೇಬೇಕು, ಮನಿಯವ್ರು ಊರಿನ ಒಬ್ಬ ಹುಡುಗನ್ನ ಕಳಿಸಿದ್ರು, ನೀರಿನ ಬಾಟ್ಲಿ ಜಾಸ್ತಿ ಒಯ್ರಿ.

ಇನ್ನ ಫಾರಿನ್ ಗೆಸ್ಟ್ ಅಂದ ಮ್ಯಾಲ ಕಾಗದ ಪತ್ರ. ಹೊರದೇಶದವ್ರು ಉಳದ್ರ 24 ತಾಸಿನೊಳಗ ಅವ್ರ ವಿವರದ ಫಾರ್ಮ್ (ಮೊದ್ಲ ಇದಕ್ಕ ಫಾರ್ಮ್ ಸಿ ಅಂತಿದ್ರು) ಸರ್ಕಾರಕ್ಕ ಆನ್‌ಲೈನ್ ತುಂಬಬೇಕು, ಬಾಳ ಹೋಂಸ್ಟೇದವ್ರಿಗೆ ಇದು ಗೊತ್ತ ಇರಲ್ಲ, ಇಲ್ಲಾ ಗೊತ್ತಿದ್ದೂ ತುಂಬಲ್ಲ. ಇವ್ರು ಬಂದ ರಾತ್ರಿನ ಪಾಸ್‌ಪೋರ್ಟ್ ವೀಸಾ ಕಾಪಿ ತಗೊಂಡು ತುಂಬಿದ್ರು. ಸೇಫ್ಟಿ ವಿಷಯದಾಗೂ ಅಷ್ಟ ಕಟ್ಟುನಿಟ್ಟು. 2025ರ ಮಾರ್ಚ್‌ನಾಗ ಸಣಾಪುರ ಹತ್ರ ಕಾಲುವಿ ದಂಡಿ ಮ್ಯಾಲ ಪ್ರವಾಸಿಗರ ಮ್ಯಾಲ ಆದ ಆ ಕ್ರೂರ ಘಟನೆ, ಒಬ್ಬ ಯುವಕ ಜೀವ ಕಳ್ಕೊಂಡದ್ದು, ನಮ್ಮ ಜಿಲ್ಲೆಯವ್ರ ಎದಿಯೊಳಗ ಇನ್ನೂ ಐತಿ, ನನಗ ಈಗ್ಲೂ ಅದನ್ನ ನೆನಸ್ಕೊಂಡ್ರ ನಾಚಿಕಿ ಆಗತೈತಿ, ಸಂಕಟ ಆಗತೈತಿ. ಈ ಮನಿಯವ್ರು ಅದನ್ನ ಗೆಸ್ಟ್‌ಗಳಿಂದ ಮುಚ್ಚಿಡಲ್ಲ. ಕತ್ಲಾದ ಮ್ಯಾಲ ಕಾಲುವಿ, ಕೆರಿ, ಗುಡ್ಡದ ಕಡೆ ಹೋಗಬಾರ್ದು, ನಕ್ಷತ್ರ ನೋಡ್ಬೇಕಂದ್ರ ಮಾಳಿಗಿ ಮ್ಯಾಲ ಚಾಪಿ ಹಾಸಿಕೊಡ್ತೀವಿ ಅಂತ ಮೊದ್ಲ ಹೇಳ್ತಾರ, ಮನಿ ಮಂದಿ ಫೋನ್ ನಂಬರ್ ಬರ್ದು ಕೈಗೆ ಕೊಡ್ತಾರ, ರಾತ್ರಿ ಗೇಟಿಗೆ ತಾವಾ ಕೀಲಿ ಹಾಕ್ತಾರ. ನನ್ನ ಗೆಸ್ಟ್‌ಗಳಿಗೆ ಇದ್ರಿಂದ ಹೆದ್ರಿಕಿ ಆಗ್ಲಿಲ್ಲ, ಭರವಸಿ ಬಂತು.

ಹಂಗ ಮಂದಿ ಫೋಟೋ ತೆಗಿಯೋ ವಿಷಯ. ಹೊಲದಾಗ ದುಡಿಯೋ ಹೆಣ್ಮಕ್ಕಳದು ಕೇಳದ ತೆಗಿಬ್ಯಾಡ್ರಿ ಅಂತ ಮನಿ ಅಮ್ಮ ಮೊದಲ್ನೇ ದಿನಾನ ಹೇಳಿದ್ರು. ಹೇಳಿದ್ದು ಬಾಳ ಚಲೋ ಆತು, ನಮ್ಮ ಜನ ಯಾರಿಗೂ ಪ್ರದರ್ಶನದ ವಸ್ತು ಅಲ್ಲ.

ಅರ್ಧ ಸ್ಟಾರ್ ಯಾಕ ಕಟ್ ಅಂದ್ರ, ಬಿಸಿನೀರು ಕಟ್ಟಿಗಿ ಒಲಿ ಮ್ಯಾಲ ಕಾಯ್ಬೇಕು, ಬೆಳಿಗ್ಗೆ ಬೇಗ ಹೊರಡೋರಿಗೆ ಸಿಗಲ್ಲ. ಭತ್ತದ ಗದ್ದಿ ಸುತ್ತ ಇರೋದ್ರಿಂದ ಸಂಜಿ ಸೊಳ್ಳಿ ವಿಪರೀತ, ಸೊಳ್ಳಿಪರದಿ ಕೊಟ್ಟಾರ ಆದ್ರ ಒಂದು ರೂಮಿಂದು ಹರದೇತಿ, ಇದನ್ನ ಕೂಡ್ಲೇ ಬದಲಿ ಮಾಡ್ಬೇಕು. ಬಾತ್‌ರೂಮಿನ ಲೈಟ್ ಮಂದ. ಕರೆಂಟ್ ಹೋದ್ರ ಇನ್ವರ್ಟರ್ ಫ್ಯಾನಿಗಷ್ಟ ಸಾಲತೈತಿ, ವೈಫೈ ಇಲ್ಲ, ಆಫೀಸ್ ಕೆಲಸ ಮಾಡೋರು ಬರಬ್ಯಾಡ್ರಿ. ಮೊಣಕಾಲು ನೋವು ಇದ್ದವ್ರು ಕೆಳಗಿನ ರೂಮ ಬೇಕು ಅಂತ ಮೊದ್ಲ ಹೇಳ್ರಿ.

ಹಳೇ ಗೈಡ್ ಪುಸ್ತಕ ಹಿಡ್ಕೊಂಡು ಬರೋ ಫಾರಿನ್ನವ್ರು ಇನ್ನೂ ಹಂಪಿ ಎದುರಿನ ನಡುಗಡ್ಡಿ ವಿರೂಪಾಪುರ ಗಡ್ಡಿಯ ರಿಸಾರ್ಟ್ ಕೇಳ್ತಾರ, ಸುಪ್ರೀಂ ಕೋರ್ಟ್ ತೀರ್ಪಿನ ಮ್ಯಾಲ ಅವನ್ನ 2020ರಾಗ ತೆರವು ಮಾಡ್ಯಾರ, ಅವ್ರಿಗೆ ಮೊದ್ಲ ತಿಳಿಸಿಬಿಡ್ರಿ. ಬರೋದಾದ್ರ ದೀಪಾವಳಿ ಮುಗಿದ ಮ್ಯಾಲ ಬರ್ರಿ, ಭತ್ತ ಕೊಯ್ಲಿಗೆ ಬಂದಿರತೈತಿ, ಬಿಸ್ಲು ತಡ್ಕೋಬಹುದು, ಏಪ್ರಿಲ್ ಮೇ ತಿಂಗಳ ಬಂಡೆ ಕಾದು ಹೊರದೇಶದವ್ರಿಗೆ ಆಗಲ್ಲ. ರೂಮಿಗೆ ರಾತ್ರಿಗೆ ಎರಡು ಸಾವಿರದ ಹತ್ರ, ಊಟ ಬ್ಯಾರೆ, ಸೀಸನ್ನಾಗ ಸ್ವಲ್ಪ ಏರತೈತಿ. ಕಾರು ಗಲ್ಲಿಯೊಳಗ ಬರಲ್ಲ, ಗುಡಿ ಮುಂದ ನಿಲ್ಲಿಸಿ ಫೋನ್ ಮಾಡಿದ್ರ ಬ್ಯಾಗ್ ಹೊರಾಕ ಬರ್ತಾರ. ರೊಟ್ಟಿ ಬೇಕಂದ್ರ ಹಿಂದಿನ ದಿನಾನ ಹೇಳಿಡ್ರಿ.