ಅಪ್ಪ ಅಮ್ಮನ ಗ್ರೀನ್ ಕಾರ್ಡ್‌ಗೆ ಲಾಯರ್ ಬೇಕಾ? ನಾವು ಎರಡು ಥರವೂ ಮಾಡಿ ನೋಡಿದೆವು

ನಮ್ಮ ಮನೆಯಲ್ಲಿ ಈ ಕೆಲಸ ಎರಡು ಸಲ ಆಗಿದೆ. 2022ರಲ್ಲಿ ನನ್ನ ಅಪ್ಪ ಅಮ್ಮನ ಗ್ರೀನ್ ಕಾರ್ಡ್‌ಗೆ, ಅಂದರೆ ಅಮೆರಿಕದಲ್ಲಿ ಕಾಯಂ ಆಗಿ ಇರುವ ಅನುಮತಿಗೆ, ನಾನು ಅರ್ಜಿ ಹಾಕಿದೆ. ಆಗ ಎಲ್ಲವನ್ನೂ ಒಂದು ಲಾಯರ್ ಆಫೀಸಿಗೆ ಒಪ್ಪಿಸಿದ್ದೆ. 2024ರಲ್ಲಿ ನಮ್ಮವರು ಅವರ ಅಮ್ಮನಿಗೆ ಹಾಕಿದರು. ಆಗ ಬೇರೆ ಲಾಯರ್ ಹತ್ತಿರ ಒಂದೇ ಒಂದು ಗಂಟೆ ಮಾತಾಡಿ, ಉಳಿದದ್ದನ್ನೆಲ್ಲ ನಾವೇ ಕೂತು ಮಾಡಿದೆವು. ಮೂವರೂ ಈಗ ಅಮೆರಿಕದಲ್ಲಿ ನಮ್ಮ ಜೊತೆಗೇ ಇದ್ದಾರೆ. ಗೊತ್ತಿದ್ದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಲಾಯರ್ ಇಡಬೇಕಾ ಬೇಡವಾ ಅಂತ. ಅದಕ್ಕೇ ಎರಡೂ ಸೇವೆಯ ಬಗ್ಗೆ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಪೂರ್ತಿ ಸೇವೆಯ ಕಥೆ. ಇಬ್ಬರಿಗೂ ಸೇರಿ ಲಾಯರ್ ಫೀಸ್ 3,000 ಡಾಲರ್. ಸರ್ಕಾರಕ್ಕೆ ಕಟ್ಟುವುದು ಬೇರೆ. ಐ-130 ಅಂದರೆ ಸಂಬಂಧಿಕರನ್ನು ಕರೆಸಿಕೊಳ್ಳಲು ಹಾಕುವ ಮೊದಲ ಅರ್ಜಿ. ಆಗ ಒಂದು ಐ-130 ಪಿಟಿಷನ್‌ಗೆ 535 ಡಾಲರ್ ಇತ್ತು, ಅಪ್ಪನಿಗೊಂದು ಅಮ್ಮನಿಗೊಂದು ಬೇರೆ ಬೇರೆ ಹಾಕಲೇಬೇಕು. ದುಡ್ಡು ಜಾಸ್ತಿ ಅಂತ ಗೊತ್ತಿತ್ತು. ಆದರೆ ನನಗೆ ದುಡ್ಡಿಗಿಂತ ಭಯ ದೊಡ್ಡದಾಗಿತ್ತು. ನಾನು ಎಲ್ಲೋ ಒಂದು ಕಡೆ ತಪ್ಪು ಬರೆದು, ಅದರಿಂದ ಅವರು ಬರುವುದೇ ನಿಂತುಹೋದರೆ ಏನು ಮಾಡುವುದು? ಆ ಭಯ ಹೋಗಲಿ ಅಂತಲೇ ಅಷ್ಟು ದುಡ್ಡು ಕೊಟ್ಟೆ.

ಲಾಯರ್ ಜೊತೆ ಮಾತಾಡಿದ್ದು ಮೊದಲ ದಿನ ಇಪ್ಪತ್ತು ನಿಮಿಷ. ಆಮೇಲೆ ಎಲ್ಲವೂ ಅವರ ಪ್ಯಾರಾಲೀಗಲ್, ಅಂದರೆ ಲಾಯರ್ ಕೈಕೆಳಗಿನ ಸಹಾಯಕರ ಜೊತೆ. ಅವರು ಹದಿನಾಲ್ಕು ಪುಟದ ಪ್ರಶ್ನೆಪಟ್ಟಿ ಕಳಿಸಿದರು. ನಾನು ವಾರಗಟ್ಟಲೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಯಾವ ವರ್ಷ ಯಾವ ಮನೆಯಲ್ಲಿದ್ದಿರಿ, ಅಪ್ಪ ಯಾವ ತಿಂಗಳು ರಿಟೈರ್ ಆದರು ಅಂತ ಕೇಳಿ ಕೇಳಿ ತುಂಬಿಸಿದೆ. ನಾನು ಬರೆದದ್ದನ್ನೇ ಅವರು ಫಾರಂಗೆ ಇಳಿಸಿ ಸಹಿಗೆ ಕಳಿಸಿದರು. ನೋಡಿದರೆ ಅಮ್ಮನ ಹೆಸರಿನ ಸ್ಪೆಲ್ಲಿಂಗ್ ಎರಡು ಕಡೆ ಎರಡು ಥರ ಇತ್ತು. ನಾನೇ ಹುಡುಕಿ ತಿದ್ದಿಸಿದೆ. ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ. ಫಾರಂ ಯಾರೇ ತುಂಬಿಸಲಿ, ಇದರಲ್ಲಿ ಇರುವುದೆಲ್ಲ ನಿಜ ಅಂತ ಸಹಿ ಹಾಕುವುದು ನೀವು. ತಪ್ಪಾದರೆ ಅದರ ಹೊಣೆಯೂ ನಿಮ್ಮದೇ.

ನಿಜವಾದ ತೊಂದರೆ ಬಂದದ್ದು ನನ್ನ ಬರ್ತ್ ಸರ್ಟಿಫಿಕೇಟ್‌ನಿಂದ. ತಾಯಿಗೆ ಅರ್ಜಿ ಹಾಕುವಾಗ, ಇವಳು ಇವರ ಮಗಳು ಅಂತ ತೋರಿಸುವುದು ಅದೇ ಕಾಗದ. ತಂದೆಗೆ ಹಾಕುವಾಗ ಅದರ ಜೊತೆ ಅಪ್ಪ ಅಮ್ಮನ ಮದುವೆಯ ಪ್ರಮಾಣಪತ್ರವೂ ಬೇಕು. ನಮ್ಮ ಕಡೆ ಹಳೆಯ ಬರ್ತ್ ಸರ್ಟಿಫಿಕೇಟ್ ಹೇಗಿರುತ್ತದೆ ಅಂತ ನಿಮಗೆ ಗೊತ್ತು, ಅಲ್ವಾ? ಹುಟ್ಟಿದ ವಾರದಲ್ಲೇ ನೋಂದಣಿ ಆಗಿರುತ್ತದೆ, ನಾಮಕರಣ ಇನ್ನೂ ಆಗಿರುವುದಿಲ್ಲ, ಹಾಗಾಗಿ ಮಗುವಿನ ಹೆಸರಿನ ಜಾಗ ಖಾಲಿ. ನನ್ನದೂ ಹಾಗೇ ಇತ್ತು. ಇನ್ನೊಂದು ವಿಷಯ, ಅದರಲ್ಲಿ ಅಮ್ಮನ ತವರಿನ ಹೆಸರಿತ್ತು. ಮದುವೆಯಲ್ಲಿ ಅತ್ತೆ ಮನೆಯವರು ಇಟ್ಟ ಹೆಸರು ಪಾಸ್‌ಪೋರ್ಟ್‌ನಲ್ಲಿದೆ. ಅಂದರೆ ಆ ಕಾಗದವನ್ನು ನೋಡಿದ ಅಧಿಕಾರಿಗೆ ಕಾಣುವುದು, ಹೆಸರಿಲ್ಲದ ಒಂದು ಮಗು, ಬೇರೆ ಯಾವುದೋ ಹೆಸರಿನ ಒಬ್ಬ ತಾಯಿ.

ಇದನ್ನು ಲಾಯರ್ ಆಫೀಸಿನಲ್ಲಿ ಯಾರೂ ಗಮನಿಸಲಿಲ್ಲ. ಇದ್ದ ಹಾಗೇ ಕಳಿಸಿಬಿಟ್ಟರು. 2023ರಲ್ಲಿ ಆರ್‌ಎಫ್‌ಇ ಬಂತು, ಅಂದರೆ ಇನ್ನೂ ಸಾಕ್ಷಿ ಕೊಡಿ ಅಂತ ಪತ್ರ. ಅದಕ್ಕೆ ಉತ್ತರ ಕೊಡಲು ನಾವು ಪಟ್ಟ ಪಾಡು ನನಗೆ ಮಾತ್ರ ಗೊತ್ತು. ನನ್ನ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್, ಶಾಲೆಯ ದಾಖಲೆ ಎಲ್ಲ ತೆಗೆಸಿದೆವು. ನಾನು ಹುಟ್ಟಿದ್ದು ಸ್ವತಃ ಗೊತ್ತಿರುವ ಇಬ್ಬರಿಂದ ಅಫಿಡವಿಟ್ ಬೇಕಿತ್ತು. ದೊಡ್ಡಮ್ಮ ಮತ್ತು ಸೋದರತ್ತೆ ನೋಟರಿ ಹತ್ತಿರ ಹೋಗಿ ಮಾಡಿಸಿಕೊಟ್ಟರು. ಅಮ್ಮನ ಎರಡೂ ಹೆಸರು ಒಬ್ಬರದೇ ಅಂತ ಇನ್ನೊಂದು ಅಫಿಡವಿಟ್. ಈ ಕಾಗದಗಳನ್ನೆಲ್ಲ ಮೊದಲೇ ಜೊತೆಗಿಟ್ಟು ಕಳಿಸಿದ್ದರೆ ಆ ಪತ್ರ ಬರುವ ಕಾರಣವೇ ಇರಲಿಲ್ಲ. 3,000 ಡಾಲರ್ ಕೊಟ್ಟದ್ದು ಇದನ್ನು ಮೊದಲೇ ನೋಡಿ ಹೇಳಲಿ ಅಂತ ತಾನೇ?

ಪಿಟಿಷನ್ ಒಪ್ಪಿಗೆ ಆದ ಮೇಲೆ ಕೇಸ್ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ವೀಸಾದ ಫೀಸ್, ಕಾಗದ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಕಚೇರಿ ಅದು, ಎಲ್ಲರೂ ಎನ್‌ವಿಸಿ ಅಂತಾರೆ. ಅವರ ಇಮೇಲ್ ಲಾಯರ್ ಆಫೀಸಿಗೆ ಬಂದು ಮೂರು ವಾರ ಅಲ್ಲೇ ಕೂತಿತ್ತು, ನಮ್ಮ ಕೇಸ್ ನೋಡುತ್ತಿದ್ದ ಪ್ಯಾರಾಲೀಗಲ್ ಕೆಲಸ ಬಿಟ್ಟಿದ್ದರು ಅಂತ. ನಾನೇ ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು. ಆದರೂ ಒಂದು ಒಳ್ಳೆಯ ಮಾತು ಹೇಳಲೇಬೇಕು. ಕಾಗದಗಳನ್ನು ಜೋಡಿಸಿದ್ದು ತುಂಬಾ ಚೆನ್ನಾಗಿತ್ತು, ಆರ್‌ಎಫ್‌ಇಗೆ ಅವರು ಬರೆದ ಉತ್ತರವೂ ಗಟ್ಟಿಯಾಗಿತ್ತು, ಮತ್ತೆ ಏನೂ ಕೇಳದೆ ಒಪ್ಪಿಗೆ ಬಂತು. ಆದರೆ ಒಟ್ಟು ಸೇವೆಗೆ ನಾನು ಐದರಲ್ಲಿ ಎರಡು ಕೊಡುತ್ತೇನೆ.

ಅತ್ತೆಯ ಸರದಿ ಬಂದಾಗ ನಮ್ಮವರು ಅಂದರು, ಫಾರಂ ನಾವೇ ತುಂಬೋಣ, ನಮ್ಮ ಕಾಗದಗಳನ್ನು ಒಂದು ಸಲ ತಿಳಿದವರಿಗೆ ತೋರಿಸೋಣ, ಅಷ್ಟು ಸಾಕು. ಇಮಿಗ್ರೇಷನ್ ಕಾನೂನು ಕೇಂದ್ರ ಸರ್ಕಾರದ್ದು, ಹಾಗಾಗಿ ಯಾವ ರಾಜ್ಯದಲ್ಲಿ ಲೈಸೆನ್ಸ್ ಇರುವ ಲಾಯರ್ ಆದರೂ ನಡೆಯುತ್ತದೆ, ನಮ್ಮ ಊರಿನವರೇ ಆಗಬೇಕಿಲ್ಲ. ನಾವು ಬೇರೆ ರಾಜ್ಯದ ಒಬ್ಬರನ್ನು ಹುಡುಕಿ, ಆ ರಾಜ್ಯದ ಬಾರ್, ಅಂದರೆ ವಕೀಲರ ಸಂಘದ, ವೆಬ್‌ಸೈಟ್‌ನಲ್ಲಿ ಅವರ ಲೈಸೆನ್ಸ್ ಸರಿಯಾಗಿದೆಯಾ, ಹಿಂದೆ ಏನಾದರೂ ಕ್ರಮ ಆಗಿದೆಯಾ ಅಂತ ನೋಡಿಕೊಂಡೆವು. ಇದು ಐದು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ. ಒಂದು ಗಂಟೆಗೆ 300 ಡಾಲರ್, ವಿಡಿಯೋ ಕಾಲ್.

ಅವರು ಫಾರಂ ಬಗ್ಗೆ ಮಾತೇ ಎತ್ತಲಿಲ್ಲ. ಮೊದಲ ಪ್ರಶ್ನೆ, ಮಗನ ಬರ್ತ್ ಸರ್ಟಿಫಿಕೇಟ್‌ನಲ್ಲಿ ಮಗನ ಹೆಸರಿದೆಯಾ? ನನಗೆ ಕಣ್ಣು ತುಂಬಿ ಬಂತು, ಇದೇ ಪ್ರಶ್ನೆಯನ್ನು ಎರಡು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ಅಂತ. ಎರಡನೆಯದು, ಅತ್ತೆಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇದೆಯಾ? ಇರಲಿಲ್ಲ. ನಮ್ಮಲ್ಲಿ ಎಷ್ಟೋ ಜನರಿಗೆ ಆ ಜಾಗ ಖಾಲಿಯೇ ಇರುತ್ತದೆ. ಅಮೆರಿಕದ ವೀಸಾದಲ್ಲಿ ಆಗ ಇರುವ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್ಎನ್‌ಯು ಅಂತ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ. ಮುಂದೆ ಬ್ಯಾಂಕ್, ಲೈಸೆನ್ಸ್ ಎಲ್ಲ ಕಡೆ ಅದು ಕಾಡುತ್ತದೆ, ಶುರು ಮಾಡುವ ಮೊದಲೇ ಪಾಸ್‌ಪೋರ್ಟ್ ಸರಿ ಮಾಡಿಸಿ ಅಂದರು. ಮಾಡಿಸಿದೆವು.

ಅತ್ತೆ ಹುಟ್ಟಿದ್ದು ಹಳ್ಳಿಯ ಮನೆಯಲ್ಲಿ. ಜನನ ಮರಣ ನೋಂದಣಿ ಕಾಯ್ದೆ ಜಾರಿಗೆ ಬಂದದ್ದೇ 1970ರ ಏಪ್ರಿಲ್ 1ರಿಂದ, ಅದಕ್ಕಿಂತ ಎಷ್ಟೋ ಹಿಂದೆ ಹುಟ್ಟಿದವರು ಅವರು. ಅವರಿಗೆ ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ, ಅಂದರೆ ನಮೂನೆ 10, ಮತ್ತು ಎರಡು ಅಫಿಡವಿಟ್ ಈಗಲೇ ಮಾಡಿಸಿಡಿ ಅಂದರು. ಅಫಿಡವಿಟ್‌ನಲ್ಲಿ ಏನೇನು ಇರಬೇಕು ಅಂತಲೂ ಬಿಡಿಸಿ ಹೇಳಿದರು. ಸುಮ್ನೆ ಇವರು ನನಗೆ ಗೊತ್ತು ಅಂತ ಬರೆದರೆ ಸಾಲದು. ಹುಟ್ಟಿದ ದಿನ, ಊರು, ತಂದೆ ತಾಯಿಯ ಹೆಸರು, ಬರೆಯುತ್ತಿರುವವರಿಗೆ ಅದು ಹೇಗೆ ಗೊತ್ತು, ಇಷ್ಟೂ ಬೇಕು.

ಆಮೇಲೆ ಕೇಳಿದ ಪ್ರಶ್ನೆ ನಾವು ಯೋಚನೆಯೇ ಮಾಡಿರಲಿಲ್ಲ. ಅತ್ತೆ ಹಿಂದೆ ವಿಸಿಟರ್ ವೀಸಾಗೆ ಅರ್ಜಿ ಹಾಕಿದ್ದಾಗ ಆ ಫಾರಂ ತುಂಬಿಸಿದ್ದು ಯಾರು? ಅದರಲ್ಲಿ ಏನು ಬರೆದಿದ್ದಾರೆ? ಊರಿನ ಏಜೆಂಟ್‌ಗಳು ಕೆಲವು ಸಲ ಅಮೆರಿಕದಲ್ಲಿ ಮಕ್ಕಳಿಲ್ಲ ಅಂತಲೋ ಇನ್ನೊಂದೋ ಬರೆದುಬಿಡುತ್ತಾರೆ. ಮುಖ್ಯವಾದ ವಿಷಯದಲ್ಲಿ ಸುಳ್ಳು ಹೇಳಿದ್ದಾರೆ ಅಂತ ಅಧಿಕಾರಿ ತೀರ್ಮಾನಿಸಿದರೆ ಅದು ಜೀವನ ಪೂರ್ತಿ ಅಡ್ಡ ಬರುತ್ತದೆ. ಅದಕ್ಕೆ ವಿನಾಯಿತಿ ಕೇಳಬೇಕಾದರೆ ಅರ್ಜಿದಾರರ ಗಂಡ, ಹೆಂಡತಿ ಅಥವಾ ತಂದೆ ತಾಯಿ ಅಮೆರಿಕದ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಹೋಲ್ಡರ್ ಆಗಿರಬೇಕು. ಮಗ ಸಿಟಿಜನ್ ಆಗಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ನಮ್ಮ ಅತ್ತೆಯಂಥವರಿಗೆ ದಾರಿಯೇ ಮುಚ್ಚಿದ ಹಾಗೆ. ಪುಣ್ಯಕ್ಕೆ ಆ ಫಾರಂ ನಮ್ಮವರೇ ತುಂಬಿಸಿದ್ದರು, ಎಲ್ಲ ನಿಜವನ್ನೇ ಬರೆದಿದ್ದರು. ಆದರೂ ಆ ಹತ್ತು ನಿಮಿಷ ಎದೆ ಡವಡವ ಅನ್ನುತ್ತಿತ್ತು.

ಕೊನೆಗೆ ಲಾಯರ್ ಕೇಳಿದರು, ನಿಮ್ಮ ಅಮ್ಮನಿಗೆ ಇಲ್ಲಿ ಬಂದು ಇರಲು ಇಷ್ಟವಿದೆಯಾ? ಅವರನ್ನೇ ಕೇಳಿದ್ದೀರಾ? ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ವರ್ಷದಲ್ಲಿ ಮೂರು ತಿಂಗಳು ಮಾತ್ರ ಬಂದು ಹೋಗುವ ಆಸೆ ಇದ್ದರೆ ವಿಸಿಟರ್ ವೀಸಾನೇ ಒಳ್ಳೆಯದು, ಗ್ರೀನ್ ಕಾರ್ಡ್ ಇಲ್ಲೇ ಬದುಕುವವರಿಗೆ, ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದು ಬಂದರೆ ಪ್ರಶ್ನೆ ಶುರುವಾಗುತ್ತದೆ ಅಂದರು. ಒಂದು ಸಲ ಐ-130 ಹಾಕಿದ ಮೇಲೆ ವಿಸಿಟರ್ ವೀಸಾ ಸಿಗುವುದೂ ಕಷ್ಟ, ಯಾಕೆಂದರೆ ಇಲ್ಲೇ ನೆಲೆಸುವ ಮನಸ್ಸಿದೆ ಅಂತ ನೀವೇ ಬರೆದುಕೊಟ್ಟಂತೆ. 65 ದಾಟಿದವರಿಗೂ ಮೆಡಿಕೇರ್, ಅಂದರೆ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ, ಕೊಂಡುಕೊಳ್ಳಲು ಐದು ವರ್ಷ ಇಲ್ಲಿ ವಾಸ ಆಗಿರಬೇಕು, ಅಲ್ಲಿವರೆಗೆ ಆರೋಗ್ಯ ವಿಮೆಗೆ ಏನು ಮಾಡುತ್ತೀರಿ ಅಂತಲೂ ಕೇಳಿದರು. ಐ-864 ಅನ್ನುವ ಫಾರಂ ಬರೀ ಫಾರಂ ಅಲ್ಲ, ಅದು ಸರ್ಕಾರದ ಜೊತೆ ನೀವು ಮಾಡಿಕೊಳ್ಳುವ ಒಪ್ಪಂದ, ನಿಮ್ಮ ಆದಾಯ ಬಡತನ ರೇಖೆಯ 125 ಶೇಕಡಾ ಇರಬೇಕು, ಅವರು ಸಿಟಿಜನ್ ಆಗುವವರೆಗೆ ಅಥವಾ 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷದ, ಕೆಲಸದ ಲೆಕ್ಕ ತುಂಬುವವರೆಗೆ ಅವರ ಖರ್ಚಿನ ಜವಾಬ್ದಾರಿ ನಿಮ್ಮದು ಅಂತ ಬಿಡಿಸಿ ಹೇಳಿದರು. ಅಪ್ಪ ಅಮ್ಮನಿಗೆ ಅದೇ ಫಾರಂಗೆ ನಾನು ಸಹಿ ಹಾಕಿದ್ದೆ. ಆಗ ಯಾರೂ ಇದನ್ನು ಹೇಳಿರಲಿಲ್ಲ. ಹೇಳಿದ್ದರೂ ಹಾಕುತ್ತಿದ್ದೆ. ಆದರೆ ಗೊತ್ತಿದ್ದು ಹಾಕುವುದು ಬೇರೆ, ಅಲ್ವಾ?

ಅವತ್ತು ರಾತ್ರಿಯೇ ಅತ್ತೆಗೆ ಫೋನ್ ಮಾಡಿ ಕೇಳಿದೆವು. ಅವರು ಎರಡು ದಿನ ಟೈಮ್ ತಗೊಂಡು, ಬರುತ್ತೇನೆ ಅಂದರು. ಆಮೇಲೇ ನಾವು ಕೆಲಸ ಶುರು ಮಾಡಿದ್ದು. ಈ ಒಂದು ಗಂಟೆಗೆ ಐದಕ್ಕೆ ಐದು.

ಉಳಿದದ್ದು ಕಷ್ಟವೇನಲ್ಲ, ತಾಳ್ಮೆ ಬೇಕು ಅಷ್ಟೇ. ಆನ್‌ಲೈನ್‌ನಲ್ಲಿ ಐ-130 ಹಾಕಿದೆವು. 2024ರ ಏಪ್ರಿಲ್ 1ರಿಂದ ಆನ್‌ಲೈನ್‌ಗೆ 625 ಡಾಲರ್, ಕಾಗದದಲ್ಲಿ ಕಳಿಸಿದರೆ 675. ಎನ್‌ವಿಸಿ ಹಂತದಲ್ಲಿ ವೀಸಾ ಅರ್ಜಿಗೆ 325 ಮತ್ತು ಐ-864 ನೋಡಲು 120, ವೀಸಾ ಸಿಕ್ಕ ಮೇಲೆ ಯುಎಸ್‌ಸಿಐಎಸ್, ಅಂದರೆ ಅಮೆರಿಕದ ಇಮಿಗ್ರೇಷನ್ ಇಲಾಖೆಗೆ, ಇಮಿಗ್ರಂಟ್ ಫೀಸ್ 235. ಒಟ್ಟು 1,305 ಡಾಲರ್, ಮೆಡಿಕಲ್ ಮತ್ತು ಓಡಾಟದ ಖರ್ಚು ಬೇರೆ. ಕನ್ನಡದಲ್ಲಿದ್ದ ಕಾಗದಗಳನ್ನು ನಮ್ಮ ಗೆಳತಿಯೊಬ್ಬಳು ಇಂಗ್ಲಿಷ್‌ಗೆ ಅನುವಾದ ಮಾಡಿ, ನನಗೆ ಎರಡೂ ಭಾಷೆ ಚೆನ್ನಾಗಿ ಬರುತ್ತದೆ, ಅನುವಾದ ಪೂರ್ತಿ ಮತ್ತು ಸರಿಯಾಗಿದೆ ಅಂತ ಕೆಳಗೆ ಬರೆದು ಸಹಿ ಹಾಕಿದಳು. ಅಷ್ಟು ಸಾಕು. ಮೊದಲ ಸಲ ಇದಕ್ಕೂ ಪುಟಕ್ಕಿಷ್ಟು ಅಂತ ಕೊಟ್ಟಿದ್ದೆ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಮೂಲಕ ಆಯಿತು.

ಹಾಗಂತ ಎಲ್ಲರೂ ನಾವೇ ಮಾಡಿಕೊಳ್ಳುತ್ತೇವೆ ಅಂತ ಹೊರಡಬೇಡಿ. ನಮ್ಮ ಪರಿಚಯದವರ ತಂದೆ ಒಮ್ಮೆ ಇಲ್ಲಿಗೆ ಬಂದಾಗ ಹುಷಾರಿಲ್ಲದೆ ಐ-94 ತಾರೀಖು, ಅಂದರೆ ಎಲ್ಲಿವರೆಗೆ ಇರಬಹುದು ಅಂತ ಕೊಟ್ಟ ತಾರೀಖು, ದಾಟಿ ಉಳಿದುಬಿಟ್ಟಿದ್ದರು. 180 ದಿನಕ್ಕಿಂತ ಜಾಸ್ತಿ ಹಾಗೆ ಇದ್ದು ಹೋದರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದು ಹೋದರೆ ಹತ್ತು ವರ್ಷ ವಾಪಸ್ ಬರುವ ಹಾಗಿಲ್ಲ. ದಿನ ಎಣಿಸುವುದರಲ್ಲೇ ಕೇಸ್ ನಿಲ್ಲುತ್ತದೆ. ಅವರು ಲಾಯರ್ ಇಟ್ಟರು, ಅದೇ ಸರಿ. ಹಳೆಯ ಪೊಲೀಸ್ ಕೇಸ್, ಅದು ಖುಲಾಸೆ ಆಗಿದ್ದರೂ ಸರಿ, ಹಿಂದೆ ತಿರಸ್ಕಾರವಾದ ಅರ್ಜಿ, 21 ತುಂಬುತ್ತಿರುವ ಮಗ ಮಗಳು, ಎರಡನೇ ಮದುವೆ, ದತ್ತು, ಇಂಥದ್ದು ಏನಿದ್ದರೂ ಪೂರ್ತಿ ಸೇವೆಗೆ ದುಡ್ಡು ಕೊಡಿ. ಕನ್ಸಲ್ಟೆಂಟ್ ಅಂತ ಬೋರ್ಡ್ ಹಾಕಿಕೊಂಡವರಿಗೆ ಮಾತ್ರ ಬೇಡ. ಇಲ್ಲಿ ಕಾನೂನಿನ ಸಲಹೆ ಕೊಡಬಹುದಾದವರು ಲಾಯರ್‌ಗಳು ಮತ್ತು ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು, ಅಷ್ಟೇ.

ಲಾಯರ್ ಇಟ್ಟರೆ ಬೇಗ ಆಗುತ್ತದಾ ಅಂತಲೂ ಕೇಳುತ್ತಾರೆ. ಆಗುವುದಿಲ್ಲ. ತಂದೆ ತಾಯಿಗೆ ವರ್ಷಕ್ಕಿಷ್ಟೇ ಅನ್ನುವ ಮಿತಿ ಇಲ್ಲ, ಮಗ ಮಗಳು ಸಿಟಿಜನ್ ಆಗಿ 21 ತುಂಬಿರಬೇಕು, ಆಮೇಲೆ ಕೇಸ್ ತನ್ನ ಪಾಡಿಗೆ ನಡೆಯುತ್ತದೆ. ಅಣ್ಣ ತಮ್ಮಂದಿರದು ಬೇರೆ ಕಥೆ. 2025ರ ವೀಸಾ ಬುಲೆಟಿನ್‌ನಲ್ಲಿ ಭಾರತದ ಎಫ್4 ಸಾಲು, ಅಂದರೆ ಸಿಟಿಜನ್‌ಗಳ ಒಡಹುಟ್ಟಿದವರ ಸಾಲು, 2006ರಲ್ಲೇ ಇತ್ತು, ಅಂದರೆ 2006ರಲ್ಲಿ ಅರ್ಜಿ ಹಾಕಿದವರ ಸರದಿ ಆಗ ನಡೆಯುತ್ತಿತ್ತು. ಆ ಸಾಲನ್ನು ಯಾವ ಲಾಯರ್ ಕೂಡ ಮುಂದೆ ತಳ್ಳಲಾರರು. ತಳ್ಳುತ್ತೇನೆ ಅಂದವರ ಹತ್ತಿರ ನಿಲ್ಲಬೇಡಿ.

ಅತ್ತೆಯ ಇಂಟರ್‌ವ್ಯೂ ಮುಂಬೈ ಕಾನ್ಸುಲೇಟ್‌ನಲ್ಲಿ. ನಮ್ಮವರು ಊರಿಗೆ ಹೋಗಿ ಕರೆದುಕೊಂಡು ಹೋದರು, ಮೆಡಿಕಲ್ ಕೂಡ ಅಲ್ಲೇ ಮಾಡಿಸಿದರು. ಕೇಳಿದ್ದು ಮೂರು ಪ್ರಶ್ನೆ. ಮಗ ಏನು ಕೆಲಸ ಮಾಡುತ್ತಾನೆ, ಮೊಮ್ಮಕ್ಕಳು ಎಷ್ಟು ಜನ, ಹಿಂದೆ ಅಮೆರಿಕಕ್ಕೆ ಹೋಗಿದ್ದಿರಾ. ನಮೂನೆ 10 ಮತ್ತು ಅಫಿಡವಿಟ್ ತಿರುವಿ ನೋಡಿ, ಸರಿ ಇದೆ ಅಂದರಂತೆ. ಹೊರಗೆ ಬಂದ ಅತ್ತೆ ಮೊದಲು ಫೋನ್ ಮಾಡಿದ್ದು ತಮ್ಮ ಅಕ್ಕನಿಗೆ, ಅಫಿಡವಿಟ್ ಬರೆದುಕೊಟ್ಟಿದ್ದು ಅವರೇ. ನೀನು ಬರೆದದ್ದನ್ನು ಓದಿದರು ಕಣೆ, ಅಂದರು.