ಮಂಡಿಪೇಟೆಯ ರೇಡಿಯೋ ರಿಪೇರಿ ಅಂಗಡಿ ಮತ್ತು ನನ್ನ ಸ್ಟಾರ್ ಟ್ರೆಕ್ ಕಮ್ಯುನಿಕೇಟರ್

ಸಿನಿಮಾ, ಸೀರಿಯಲ್ಲುಗಳ ಪ್ರಾಪ್ ರೆಪ್ಲಿಕಾ, ಅಂದರೆ ಅದರಲ್ಲಿ ಬಳಸಿದ ಸಾಮಾನಿನ ನಕಲು, ಕೂಡಿಡುವವರು ನಮ್ಮ ಕಡೆ ಕಡಿಮೆ. ಇರುವ ನಾಲ್ಕು ಜನಕ್ಕೂ ಒಂದೇ ಚಿಂತೆ: ಕೆಟ್ಟರೆ ಯಾರ ಹತ್ತಿರ ಕೊಡೋದು? ಕಂಪನಿಗೇ ಕಳಿಸೋಣ ಎಂದರೆ ಅದು ಹೊರದೇಶ, ಹೋಗಿ ಬರುವ ಕೊರಿಯರ್ ಖರ್ಚೇ ಸಾಮಾನಿನ ಬೆಲೆ ದಾಟುತ್ತದೆ. ಕೆಟ್ಟಿದ್ದ ನನ್ನ ಕಮ್ಯುನಿಕೇಟರನ್ನು ಬೆಂಗಳೂರಿನಲ್ಲಿ ಒಂದು ಕಡೆ ತೋರಿಸಿದ್ದೆ. ಅವರು ಬಿಚ್ಚಿಯೂ ನೋಡದೆ "ಇದು ಆಟದ ಸಾಮಾನು ಸರ್, ಹೊಸದು ತಗೊಳ್ಳಿ" ಎಂದುಬಿಟ್ಟರು. ಹೊಸದು ಎಲ್ಲಿ ಸಿಗಬೇಕು? ಈ ಮಾಡೆಲ್ ಬರೋದು ನಿಂತು ಎಷ್ಟೋ ವರ್ಷ ಆಯಿತು. ಕೊನೆಗೆ ಕೆಲಸ ಆಗಿದ್ದು ನಮ್ಮ ದಾವಣಗೆರೆಯಲ್ಲೇ, ಮಂಡಿಪೇಟೆಯ ಒಂದು ಓಣಿಯಲ್ಲಿರುವ ರೇಡಿಯೋ, ಟಿವಿ ರಿಪೇರಿ ಅಂಗಡಿಯಲ್ಲಿ. ಅಂಗಡಿಯ ಹೆಸರು, ನಂಬರ್ ಹಾಕಬೇಡಿ ಎಂದು ಯಜಮಾನರೇ ಕೇಳಿಕೊಂಡಿದ್ದಾರೆ. ಒಬ್ಬರೇ ಕೂತು ಕೆಲಸ ಮಾಡುವವರು, ಜನ ಜಾಸ್ತಿಯಾದರೆ ಕೈಯಲ್ಲಿರುವ ಕೆಲಸ ಕೆಡುತ್ತದೆ ಅನ್ನೋದು ಅವರ ಮಾತು. ಮಂಡಿಪೇಟೆಗೆ ಹೋಗಿ ಹಳೇ ರೇಡಿಯೋ ರಿಪೇರಿಯವರು ಎಲ್ಲಿ ಎಂದು ಕೇಳಿ, ತೋರಿಸುತ್ತಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕಮ್ಯುನಿಕೇಟರ್ ಅಂದರೆ 1966ರಲ್ಲಿ ಅಮೆರಿಕದಲ್ಲಿ ಶುರುವಾದ ಸ್ಟಾರ್ ಟ್ರೆಕ್ ಟಿವಿ ಸರಣಿಯಲ್ಲಿ ಬಾಹ್ಯಾಕಾಶ ಹಡಗಿನವರು ಮಾತಾಡಲು ಬಳಸುವ ಸಾಧನ. ಅಂಗೈಯಲ್ಲಿ ಹಿಡಿಯುವಂಥ ಕಪ್ಪು ಡಬ್ಬಿ, ಮೇಲೆ ಬಂಗಾರದ ಬಣ್ಣದ ಜಾಲರಿ ಮುಚ್ಚಳ. ಕೈ ಝಾಡಿಸಿದರೆ ಮುಚ್ಚಳ ತೆರೆದುಕೊಂಡು ಚಿರ್ ಚಿರ್ ಎನ್ನುತ್ತದೆ. ಮಡಚುವ ಮೊಬೈಲ್ ನೋಡಿದವರಿಗೆಲ್ಲ ಇದೇ ನೆನಪಾಗೋದು. ಮೋಟೊರೊಲಾದ ಸ್ಟಾರ್‌ಟ್ಯಾಕ್ ಫೋನ್ ಬಂದಿದ್ದು 1996ರಲ್ಲಿ, ಸರಿಯಾಗಿ 30 ವರ್ಷ ಆದಮೇಲೆ. ಈ ಕಮ್ಯುನಿಕೇಟರನ್ನು ಮಾಡಿದವರು ವಾ ಚಾಂಗ್ ಎಂಬ ಕಲಾವಿದರು. ಅದೇ ಸರಣಿಯಲ್ಲಿ ಸುತ್ತಮುತ್ತ ಏನಿದೆ ಎಂದು ಅಳೆದು ಹೇಳುವ ಟ್ರೈಕಾರ್ಡರ್ ಎಂಬ ಸಾಧನ ಕೂಡ ಅವರದೇ ಕೈಕೆಲಸ. ಸರಣಿಯ ಟೈಟಲ್ಲಿನಲ್ಲಿ ಮಾತ್ರ ಅವರ ಹೆಸರು ಬರಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರು.

ನನ್ನ ಹತ್ತಿರ ಇರುವುದು ಬ್ಯಾಟರಿ ಹಾಕಿದರೆ ಸದ್ದು, ದೀಪ ಬರುವ ಹಳೆಯ ರೆಪ್ಲಿಕಾ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಒಳಗೆ ಮೂರು ಎಲ್‌ಆರ್44 ಬಟನ್ ಸೆಲ್, ಎಲ್ಲ ಸೇರಿ 4.5 ವೋಲ್ಟ್. ಕೈಗೆ ಬಂದಾಗಲೇ ಸೆಲ್ ಸೋರಿ ಒಳಗೆಲ್ಲ ಬಿಳಿ ಹಸಿರು ಪುಡಿ ಕಟ್ಟಿತ್ತು. ದೀಪ ಇಲ್ಲ, ಸದ್ದಿಲ್ಲ. ಜಾಲರಿಯ ಬಂಗಾರದ ಬಣ್ಣ ಅಲ್ಲಲ್ಲಿ ಎದ್ದು ಒಳಗಿನ ಬೂದು ಪ್ಲಾಸ್ಟಿಕ್ ಕಾಣುತ್ತಿತ್ತು. ಮುಚ್ಚಳ ಝಾಡಿಸಿದರೆ ಅರ್ಧಕ್ಕೇ ನಿಲ್ಲುತ್ತಿತ್ತು.

ಯಜಮಾನರು ಕೈಗೆ ತಗೊಂಡು ತಿರುಗಿಸಿ ಮುರುಗಿಸಿ ನೋಡಿ "ಏನ್ರೀ ಇದು, ವಯರ್‌ಲೆಸ್ ಸೆಟ್ಟಾ?" ಎಂದರು. ಅಲ್ಲ, ಹಿಂಗಿಂಗೆ ಎಂದು ಹೇಳಿದೆ. ಫೋನಿನಲ್ಲಿ ಒಂದು ದೃಶ್ಯ ತೋರಿಸಿದೆ. ಪೂರ್ತಿ ನೋಡಿದರು. ಆಮೇಲೆ ಅವರು ಕೇಳಿದ ಮೊದಲನೇ ಪ್ರಶ್ನೆಗೇ ನನಗೆ ಧೈರ್ಯ ಬಂತು. "ಇದ್ರಾಗೆ ಏನೇನು ಮುಟ್ಟಬಾರ್ದು, ಅದನ್ನ ಮೊದ್ಲು ಹೇಳ್ರಿ." ರೆಪ್ಲಿಕಾ ರಿಪೇರಿಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಟಿವಿ ಕೆಟ್ಟರೆ ಚಿತ್ರ ಬಂದರೆ ಸಾಕು, ಒಳಗೆ ಯಾವ ಬೋರ್ಡ್ ಇದ್ದರೇನು. ಇಲ್ಲಿ ಹಾಗಲ್ಲ. ಮೂಲ ಸದ್ದು ಅದೇ ಇರಬೇಕು, ಹೊರಗೆ ಹೊಸ ತೂತು ಬೀಳಬಾರದು, ಮುಂದೆ ಯಾರಾದರೂ ಹಳೇ ಸ್ಥಿತಿಗೆ ತರಬೇಕು ಎಂದರೆ ತರಲು ಬರಬೇಕು. ನಾನು ಹೇಳುತ್ತಾ ಹೋದೆ, ಅವರು ಒಂದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡರು.

ಬಿಚ್ಚಿದ್ದು ನನ್ನ ಮುಂದೆಯೇ. ಸ್ಕ್ರೂಗಳನ್ನು ಬಿಚ್ಚಿದ ಹಾಗೇ ಒಂದು ರಟ್ಟಿನ ಮೇಲೆ ಅದೇ ಜಾಗಕ್ಕೆ ಚುಚ್ಚಿಟ್ಟರು, ಯಾವುದು ಎಲ್ಲಿಯದು ಎಂದು ಅದಲು ಬದಲಾಗಬಾರದಲ್ಲ. ಪ್ಲಾಸ್ಟಿಕ್ಕಿಗೆ ಉದ್ದ ಸ್ಕ್ರೂ ತಪ್ಪಾಗಿ ಹಾಕಿದರೆ ಹೊರಗಡೆ ಉಬ್ಬಿ ಬಿಡುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಈ ಆಲ್ಕಲೈನ್ ಸೆಲ್‌ಗಳಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಬರೀ ಬಟ್ಟೆಯಲ್ಲಿ ಒರೆಸಿದರೆ ಅದು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಅವರು ಹಳೇ ಹಲ್ಲುಜ್ಜುವ ಬ್ರಷ್‌ಗೆ ವಿನೆಗರ್ ಹಚ್ಚಿ ಮೆಲ್ಲಗೆ ಉಜ್ಜಿದರು, ಕ್ಷಾರ ಮುರಿಯಲಿ ಎಂದು. ಆಮೇಲೆ ಮೊಬೈಲ್ ರಿಪೇರಿಯವರು ಬಳಸುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಾಕಿ ತೊಳೆದು ಒಣಗಲು ಬಿಟ್ಟರು. ಬ್ರಷ್ ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ಅವರ ಬೆರಳಿಗೇ ಗೊತ್ತು. ಎರಡು ಕಡೆ ಬೋರ್ಡಿನ ಟ್ರ್ಯಾಕ್, ಅಂದರೆ ಕರೆಂಟ್ ಹರಿಯುವ ತಾಮ್ರದ ಗೆರೆ, ಪೂರ್ತಿ ತಿಂದುಹೋಗಿತ್ತು. ಅಲ್ಲಿಗೆ ಕೂದಲಿನಷ್ಟು ಸಣ್ಣ ಎನಾಮಲ್ ತಂತಿಯಿಂದ ಜಂಪರ್ ಎಳೆದರು. ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಾಕಿಕೊಂಡು, ಫ್ಯಾನ್ ಆಫ್ ಮಾಡಿಸಿ.

ಎಲ್ಲಕ್ಕಿಂತ ಹೆದರಿಕೆ ಇದ್ದಿದ್ದು ಆ ಕಪ್ಪು ಹನಿಯ ಬಗ್ಗೆ. ಇಂಥ ಆಟಿಕೆ ಬೋರ್ಡುಗಳಲ್ಲಿ ಸದ್ದಿನ ಚಿಪ್ಪನ್ನು ನೇರ ಬೋರ್ಡಿಗೇ ಅಂಟಿಸಿ ಮೇಲೆ ಎಪಾಕ್ಸಿ ಹನಿ ಹಾಕಿರುತ್ತಾರೆ. ಅದರೊಳಗೆ ಕ್ಷಾರ ಹೋಗಿದ್ದರೆ ಕತೆ ಮುಗಿಯಿತು, ಆ ಚಿಪ್ ಬೇರೆ ಎಲ್ಲೂ ಸಿಗುವುದಿಲ್ಲ. ಸೆಲ್ ಹಾಕುವ ಬದಲು ಬೆಂಚ್ ಪವರ್ ಸಪ್ಲೈನಿಂದ ಕರೆಂಟಿಗೆ ಮಿತಿ ಇಟ್ಟು ನಿಧಾನಕ್ಕೆ 4.5 ವೋಲ್ಟ್ ತನಕ ಏರಿಸಿದರು. ಶಾರ್ಟ್ ಇದ್ದರೆ ಮೀಟರಿನಲ್ಲೇ ಗೊತ್ತಾಗುತ್ತದೆ, ಚಿಪ್ ಸುಡುವುದಿಲ್ಲ. ಒಂದು ದೀಪ ಹೊತ್ತಿತು. ಸದ್ದು ಬರಲಿಲ್ಲ. ಸ್ಪೀಕರ್ ಕಾಯಿಲ್ ಓಪನ್ ಆಗಿತ್ತು, ಅಂದರೆ ಒಳಗಿನ ತಂತಿ ಕಡಿದಿತ್ತು. ಡ್ರಾಯರಿನಿಂದ ಅದೇ ಅಳತೆಯ 8 ಓಮ್ ಸ್ಪೀಕರ್ ತೆಗೆದು ತಂತಿ ತಾಗಿಸಿದ ತಕ್ಷಣ ಚಿರ್ ಚಿರ್ ಎಂದಿತು ನೋಡಿ! ಪಕ್ಕದ ಅಂಗಡಿಯವರು ಇಣುಕಿ ನೋಡಿದರು. ನನಗಂತೂ ಮಾತೇ ಹೊರಡಲಿಲ್ಲ.

ರಿಪೇರಿ ಇಲ್ಲಿಗೆ ಮುಗಿಯಿತು. ಇನ್ನು ಮೇಲೆ ಮಾಡಿದ್ದು ನನ್ನ ಆಸೆಗೆ.

ಮೊದಲನೆಯದು ಬಟನ್ ಸೆಲ್ ತೆಗೆದು ಚಾರ್ಜ್ ಆಗುವ ಲಿಥಿಯಂ ಬ್ಯಾಟರಿ ಕೂರಿಸುವುದು. ಇಂಥ ಕೆಲಸದಲ್ಲಿ ತುಂಬ ಜನ ಎಡವುವ ಜಾಗ ಒಂದಿದೆ, ಯಾರ ಹತ್ತಿರ ಮಾಡಿಸಿದರೂ ಇದನ್ನು ಕೇಳಿ ನೋಡಿ. ಚಾರ್ಜಿಂಗಿಗೆ ಎಲ್ಲರೂ ಹಾಕುವುದು ಟಿಪಿ4056 ಎಂಬ ಸಣ್ಣ ಮಾಡ್ಯೂಲ್. ಅದು ಬರುವಾಗಲೇ 1 ಆಂಪಿಯರ್‌ಗೆ ಸೆಟ್ ಆಗಿರುತ್ತದೆ. ಕಮ್ಯುನಿಕೇಟರ್ ಒಳಗೆ ಹಿಡಿಸುವುದು 300 ಎಂಎಎಚ್ ಪುಟ್ಟ ಬ್ಯಾಟರಿ. ಅದಕ್ಕೆ 1 ಆಂಪಿಯರ್ ಬಿಟ್ಟರೆ ಬಿಸಿಯಾಗುತ್ತದೆ, ಉಬ್ಬುತ್ತದೆ, ಅಪಾಯ. ಮಾಡ್ಯೂಲಿನ ಮೇಲಿರುವ 1.2 ಕೆ ರೆಸಿಸ್ಟರ್ ತೆಗೆದು 10 ಕೆ ಹಾಕಿದರೆ ಚಾರ್ಜಿಂಗ್ ಕರೆಂಟ್ ಸುಮಾರು 130 ಮಿಲಿಆಂಪಿಯರ್‌ಗೆ ಇಳಿಯುತ್ತದೆ. ನಾನು ಇದನ್ನು ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಬ್ಲೋವರಿನಿಂದ ಆ ರೆಸಿಸ್ಟರ್ ಎತ್ತಿಯಾಗಿತ್ತು. "ಸಣ್ ಬ್ಯಾಟ್ರಿಗೆ ಸಣ್ದಾಗೇ ಉಣಿಸ್ಬೇಕ್ರಿ" ಎಂದರು. ಪ್ರೊಟೆಕ್ಷನ್ ಚಿಪ್ ಇರುವ ಮಾಡ್ಯೂಲನ್ನೇ ಹಾಕಿದ್ದಾರೆ. ಟೈಪ್-ಸಿ ಬಾಯಿ ಹಳೆಯ ಸೆಲ್ ಮುಚ್ಚಳದ ಒಳಗಡೆ ಇದೆ, ಮುಚ್ಚಳ ತೆಗೆದರೆ ಮಾತ್ರ ಕಾಣುತ್ತದೆ. ಹೊರಗಿನಿಂದ ಒಂದು ಗೆರೆಯೂ ಬದಲಾಗಿಲ್ಲ.

ಎರಡನೆಯದು ಡಬ್ಬಿಯ ಮಧ್ಯದಲ್ಲಿರುವ ಸುರುಳಿ ಚಿತ್ತಾರದ ಬಿಲ್ಲೆ. ನನ್ನ ರೆಪ್ಲಿಕಾದಲ್ಲಿ ಅದು ಬರೀ ಸ್ಟಿಕ್ಕರ್. ಸರಣಿಯಲ್ಲಿ ಹತ್ತಿರದಿಂದ ತೋರಿಸಲು ಮಾಡಿದ ಕಮ್ಯುನಿಕೇಟರಿನಲ್ಲಿ ಅದು ನಿಜವಾಗಿಯೂ ತಿರುಗುತ್ತಿತ್ತು, ಒಳಗೆ ಚಾವಿ ಕೊಡುವ ಸ್ಟಾಪ್‌ವಾಚಿನ ಯಂತ್ರ ಇಟ್ಟಿದ್ದರು. ಇದನ್ನು ಹೇಳಿದ್ದೇ ತಡ, ಯಜಮಾನರ ಮುಖ ಅರಳಿತು. ಅವರು ಗಡಿಯಾರವನ್ನೂ ರಿಪೇರಿ ಮಾಡುವವರು. "ಹಂಗಾದ್ರೆ ನಮಗೂ ಮೋಟ್ರು ಯಾಕೆ, ಚಾವಿ ಮಿಷನ್ನೇ ಹಾಕೋಣ" ಎಂದು ಡಬ್ಬಗಳನ್ನೆಲ್ಲ ಹುಡುಕಿದರು. ಆ ಅಳತೆಗೆ ಹೊಂದುವಂಥದ್ದು ಸಿಗಲಿಲ್ಲ. ಕೊನೆಗೆ ಹಲ್ಲು ಚಕ್ರ ಇರುವ ಪುಟ್ಟ ಎನ್20 ಮೋಟರನ್ನೇ ಮಲಗಿಸಿ ಕೂರಿಸಿದರು.

ಚಿತ್ತಾರದ ಗುಟ್ಟು ಸರಳ. ಒಂದರ ಮೇಲೊಂದು ಎರಡು ಪಾರದರ್ಶಕ ಹಾಳೆ, ಎರಡರ ಮೇಲೂ ಒತ್ತೊತ್ತಾಗಿ ಗೆರೆಗಳು. ಒಂದು ನಿಂತಿರುತ್ತದೆ, ಒಂದು ನಿಧಾನ ತಿರುಗುತ್ತದೆ. ಗೆರೆ ಗೆರೆ ದಾಟುವ ಕಡೆ ಇಲ್ಲದ ಅಲೆಗಳು ಹುಟ್ಟಿ ಹರಿದಾಡುತ್ತವೆ. ಇದಕ್ಕೆ ಮೋಆರೆ ಎನ್ನುತ್ತಾರೆ. ನಾನು ಗೆರೆಗಳನ್ನು ಕಂಪ್ಯೂಟರಿನಲ್ಲಿ ಬರೆದು ವಿದ್ಯಾನಗರದ ಜೆರಾಕ್ಸ್ ಅಂಗಡಿಯಲ್ಲಿ ಓಎಚ್‌ಪಿ ಹಾಳೆಯ ಮೇಲೆ ಲೇಸರ್ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಇಂಕ್‌ಜೆಟ್ ಬೇಡ, ಮಸಿ ಹರಡಿ ಗೆರೆ ದಪ್ಪ ಆಗುತ್ತದೆ.

ಮೋಟರ್ ಓಡಿಸಿದಾಗ ಹೊಸ ಕಾಟ ಶುರುವಾಯಿತು. ಸ್ಪೀಕರಿನಲ್ಲಿ ಗೊರ್ರ್ ಎಂಬ ಸದ್ದು. ಮೋಟರಿನ ಒಳಗೆ ಕರೆಂಟ್ ಮುಟ್ಟಿಸುವ ಬ್ರಷ್ಷಿನ ಕಿಡಿಯಿಂದ ಬರುವ ಗದ್ದಲ ಅದು. 104 ಎಂದು ಬರೆದಿರುವ ಸೆರಾಮಿಕ್ ಕೆಪಾಸಿಟರ್, ಅಂದರೆ 0.1 ಮೈಕ್ರೋಫ್ಯಾರಡ್, ಮೋಟರಿನ ಎರಡು ಕಾಲಿಗೂ ಅಡ್ಡ ಹಾಕಿದರು. ನಿಂತುಹೋಯಿತು. ಹಳೇ ಟೇಪ್ ರೆಕಾರ್ಡರಿನಲ್ಲಿ ಇದೇ ಕಾಯಿಲೆ ಇರುತ್ತಿತ್ತಂತೆ, ಇದೇ ಮದ್ದಂತೆ. ಯೂಟ್ಯೂಬ್ ನೋಡಿ ಕಲಿತವರಿಗೂ ಇವರಿಗೂ ಇರುವ ವ್ಯತ್ಯಾಸ ನನಗೆ ಕಂಡಿದ್ದು ಇಲ್ಲೇ. ಇವರು ಕಮ್ಯುನಿಕೇಟರನ್ನು ಮುಂಚೆ ನೋಡಿದವರಲ್ಲ, ಆದರೆ ಮೋಟರ್, ಸ್ಪೀಕರ್, ಸ್ಪ್ರಿಂಗ್ ಒಂದೇ ಡಬ್ಬಿಯಲ್ಲಿ ಇದ್ದರೆ ಏನೇನು ಜಗಳ ಆಡುತ್ತವೆ ಎನ್ನುವುದು ಅವರಿಗೆ ಪೂರ್ತಿ ಗೊತ್ತು.

ಜಾಲರಿ ಮುಚ್ಚಳ ಅವರ ಕೆಲಸ ಅಲ್ಲ, ಅದನ್ನು ನೇರವಾಗಿಯೇ ಹೇಳಿದರು. ಪ್ಲಾಸ್ಟಿಕ್ಕಿನ ಮೇಲೆ ಗಿಲೀಟು ಹಾಗೇ ಕೂರುವುದಿಲ್ಲ, ಕರೆಂಟ್ ಹರಿಯಬೇಕಲ್ಲ. ಸ್ಪ್ರೇ ಬಣ್ಣ ಹೊಡೆದರೆ ಬಂಗಾರ ಹೋಗಿ ಅರಿಸಿನ ಆಗುತ್ತದೆ. ಅವರೇ ಪರಿಚಯದ ಒಬ್ಬ ಅಕ್ಕಸಾಲಿಯ ಹತ್ತಿರ ಕಳಿಸಿದರು. ಅವರು ತೆಳು ಹಿತ್ತಾಳೆ ತಗಡಿನಲ್ಲಿ ಅದೇ ಅಳತೆಗೆ ತೂತು ಕೊರೆದು, ಅಂಚು ಮಡಚಿ, ಒನ್ ಗ್ರಾಂ ಒಡವೆಗೆ ಹಾಕುವ ಗಿಲೀಟನ್ನೇ ಹಾಕಿಕೊಟ್ಟರು. ಈಗ ತೂಕ ಬಂದಿದೆ, ಝಾಡಿಸಿದರೆ ಮುಚ್ಚಳ ಪೂರ್ತಿ ಹೋಗಿ ಟಕ್ ಎಂದು ನಿಲ್ಲುತ್ತದೆ. ಹಳೇ ಪ್ಲಾಸ್ಟಿಕ್ ಜಾಲರಿ, ಕೆಟ್ಟ ಸ್ಪೀಕರ್, ಸ್ಟಿಕ್ಕರ್, ಸೆಲ್ ಕೂರುವ ಪತ್ತಿ ಎಲ್ಲವನ್ನೂ ಯಜಮಾನರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ಹೆಸರು ಬರೆದು ಕೊಟ್ಟಿದ್ದಾರೆ. ನಾನು ಕೇಳಿರಲಿಲ್ಲ. ಬೇಕೆಂದರೆ ನಾಳೆಯೇ ಎಲ್ಲ ಬಿಚ್ಚಿ ಮೊದಲಿನ ಹಾಗೆ ಮಾಡಬಹುದು.

ಬ್ಲೂಟೂತ್ ಹಾಕಿಸಿ ಫೋನಿನಲ್ಲಿ ಮಾತಾಡುವ ಹಾಗೆ ಮಾಡಬಹುದಿತ್ತು, ಜಾಗ ಇರಲಿಲ್ಲ. ಮೋಟರ್ ಬೇಕಾ, ಬ್ಲೂಟೂತ್ ಬೇಕಾ ಎಂದು ಕೇಳಿದರು. ನಾನು ಮೋಟರನ್ನೇ ಆರಿಸಿದೆ. ಫೋನ್ ನನ್ನ ಜೇಬಿನಲ್ಲಿ ಇದ್ದೇ ಇದೆ, ತಿರುಗುವ ಬಿಲ್ಲೆ ಇದೊಂದರಲ್ಲೇ ಇರೋದು.

ಕೊರತೆಗಳನ್ನೂ ಹೇಳಬೇಕು. ಹೇಳಿದ ದಿನಕ್ಕೆ ಕೊಡುವುದಿಲ್ಲ. ಮಳೆಗಾಲದಲ್ಲಿ ಸಿಡಿಲಿಗೆ ಕೆಟ್ಟ ಟಿವಿ, ಸೆಟ್ ಟಾಪ್ ಬಾಕ್ಸ್ ಬಂದರೆ ನಮ್ಮದು ಪಕ್ಕಕ್ಕೆ ಸರಿಯುತ್ತದೆ. ಮನೆಯಲ್ಲಿ ಟಿವಿ ಇಲ್ಲದೆ ಕೂತವರು ಮುಂದೆ ಹೋಗಲಿ, ಅದರಲ್ಲಿ ನನ್ನ ತಕರಾರು ಇಲ್ಲ, ಆದರೆ ಮುಂಚೆಯೇ ಗೊತ್ತಿದ್ದರೆ ಒಳ್ಳೆಯದು. ಮೋಟರ್ ಓಡುವಾಗ ಕಿವಿ ಹತ್ತಿರ ಇಟ್ಟರೆ ಸಣ್ಣಗೆ ಹಲ್ಲು ಚಕ್ರದ ಸದ್ದು ಕೇಳುತ್ತದೆ. ಅಡಿಗೆ ರಬ್ಬರ್ ಕೊಟ್ಟಿದ್ದಾರೆ, ಪೂರ್ತಿ ಹೋಗಿಲ್ಲ. ಬಣ್ಣದ ಕೆಲಸ ಮಾಡುವುದಿಲ್ಲ. ಕಂಪ್ಯೂಟರಿನಿಂದ ಪ್ರೋಗ್ರಾಂ ಹಾಕುವ ಕೆಲಸವೂ ಇಲ್ಲ. ಸ್ಟಾರ್ ವಾರ್ಸ್ ಸಿನಿಮಾದ ಬೆಳಕಿನ ಕತ್ತಿ ಲೈಟ್‌ಸೇಬರ್‌ನಲ್ಲಿ ಸಾಲಾಗಿ ಬಣ್ಣ ಓಡುವ ಡಬ್ಲ್ಯುಎಸ್2812 ಎಲ್‌ಇಡಿ ಹಾಕಿಸುವವರು ಕೋಡ್ ಬರೆಯುವ ಹುಡುಗರನ್ನು ಬೇರೆ ಹುಡುಕಬೇಕು. ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳು ಇರುವ ಊರಿನಲ್ಲಿ ಅದು ಕಷ್ಟ ಆಗಲಾರದು.

ದುಡ್ಡಿನ ವಿಷಯ. ರಿಪೇರಿಗೆ 450 ರೂಪಾಯಿ, ಬ್ಯಾಟರಿ ಮತ್ತು ಚಾರ್ಜಿಂಗಿಗೆ ಸಾಮಾನು ಸೇರಿ 500, ಬಿಲ್ಲೆ ತಿರುಗಿಸುವ ಕೆಲಸಕ್ಕೆ 700. ಅಕ್ಕಸಾಲಿ 900 ತಗೊಂಡರು. ನನ್ನ ಪ್ರಕಾರ ಇದು ತೀರಾ ಕಡಿಮೆ. ಭೂತಗನ್ನಡಿ ಹಾಕಿಕೊಂಡು ಕೂತ ಹೊತ್ತಿಗೆ ಅವರು ಏನೂ ಹಾಕಿಲ್ಲ. ನೀವು ಹೋದರೆ ಚೌಕಾಸಿ ಮಾಡಬೇಡಿ ದಯವಿಟ್ಟು.

ಹೋಗುವಾಗ ಸಾಮಾನಿಗೆ ಹಾಕುವ ಸೆಲ್ ಕೂಡ ತೆಗೆದುಕೊಂಡು ಹೋಗಿ. ಸರಿ ಇರುವ ಸಾಮಾನಿನ ವಿಡಿಯೋ ಫೋನಿನಲ್ಲಿ ಇರಲಿ, ಯಾವ ದೀಪ ಯಾವಾಗ ಹೊತ್ತಬೇಕು, ಸದ್ದು ಹೇಗಿರಬೇಕು ಎಂದು ಅವರು ನೋಡಿಯೇ ಕೈ ಹಾಕುವುದು. ಏನು ಮುಟ್ಟಬಾರದು ಎನ್ನುವುದನ್ನು ಮನೆಯಲ್ಲೇ ಯೋಚಿಸಿ ಬರೆದುಕೊಂಡು ಹೋಗಿ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಸಂಜೆ ಐದರ ಮೇಲೆ ಹೋದರೆ ಕೂತು ಮಾತಾಡುವಷ್ಟು ಬಿಡುವು ಇರುತ್ತದೆ. ಚಿತ್ರದುರ್ಗದ ಗೆಳೆಯನೊಬ್ಬನ ಟ್ರೈಕಾರ್ಡರ್ ಈಗ ಅವರ ಮೇಜಿನ ಮೇಲಿದೆ. ಅದರ ಬಾಗಿಲಿನ ಕೀಲು ಮುರಿದಿದೆ, ಹಿತ್ತಾಳೆಯದು ಮಾಡಿಸಬೇಕಾ, ಇದ್ದ ಪ್ಲಾಸ್ಟಿಕ್ಕನ್ನೇ ಅಸಿಟೋನ್ ಹಾಕಿ ಬೆಸೆಯಬೇಕಾ ಎಂಬ ಮಾತು ಇನ್ನೂ ನಡೀತಿದೆ.